ಚಿಕ್ಕ ಬೋಟ್‌ಗೆ ಡೀಸೆಲ್ ಬಿಸಿನೀರಿನ ಹೀಟಿಂಗ್: ಹೀಟರ್‌ಗೆ ಸಾಕಷ್ಟು ಕೆಲಸ ಇದೆಯಾ?

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣ್ತಿರೋದು 33 ಅಡಿಯ ಫೈಬರ್‌ಗ್ಲಾಸ್ ಸೇಲ್‌ಬೋಟ್, ಜಾಗ ಅಮೆರಿಕದ ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್ ಅನ್ನೋ ಕೊಲ್ಲಿ. ಚಳಿಗಾಲದಲ್ಲಿ ಇಲ್ಲಿ ಸಮುದ್ರದ ನೀರು ಸುಮಾರು 8 ಡಿಗ್ರಿ, ರಾತ್ರಿ ಗಾಳಿ 3–4 ಡಿಗ್ರಿಗೆ ಇಳಿಯೋದು ಮಾಮೂಲು. ಚಳಿಗಿಂತ ಹೆಚ್ಚು ಕಾಟ ಕೊಡೋದು ತೇವ. ಮಲಗಿರೋರ ಉಸಿರಲ್ಲಿರೋ ನೀರಾವಿ ತಣ್ಣಗಿರೋ ಹಲ್‌ಗೆ, ಅಂದ್ರೆ ಬೋಟ್‌ನ ಹೊರಮೈಗೆ ತಾಗಿ, ಬೆಳಗ್ಗೆ ಹೊತ್ತಿಗೆ ಹಾಸಿಗೆ ಕೆಳಗೆ ನೀರಾಗಿ ನಿಂತಿರುತ್ತೆ. ಈ ಬೋಟ್‌ಗೆ ಡೀಸೆಲ್‌ನಲ್ಲಿ ಓಡೋ ಬಿಸಿನೀರಿನ ಹೀಟಿಂಗ್ ಹೇಗೆ ಕೂರಿಸೋದು, ಎಲ್ಲೆಲ್ಲಿ ಕೈಕೊಡುತ್ತೆ, ಎಲ್ಲಾ ಹೇಳ್ತೀವಿ.

ಮೊದಲು, ಬಿಸಿಗಾಳಿ ಹೀಟರ್ ಬಿಟ್ಟು ಬಿಸಿನೀರೇ ಯಾಕೆ? ಬಿಸಿಗಾಳಿಗೆ 75–90 ಮಿಲಿಮೀಟರ್ ದಪ್ಪದ ಡಕ್ಟ್ ಬೇಕು, ಚಿಕ್ಕ ಬೋಟ್‌ನಲ್ಲಿ ಅದು ಲಾಕರ್‌ಗಳನ್ನೇ ತಿಂದುಹಾಕುತ್ತೆ. ಬಿಸಿನೀರಿನ ಹೋಸ್ 19 ಮಿಲಿಮೀಟರ್, ಯಾವ ಸಂದೀಲಾದ್ರೂ ತೂರುತ್ತೆ. ಜೊತೆಗೆ ಸ್ನಾನಕ್ಕೆ, ಪಾತ್ರೆ ತೊಳೆಯೋಕೆ ಬಿಸಿನೀರು ಸಿಗುತ್ತೆ. ಆದ್ರೆ ಖರ್ಚು ಜಾಸ್ತಿ, ಜಾಯಿಂಟ್‌ಗಳು ಜಾಸ್ತಿ, ಕರೆಂಟ್ ಕೂಡ ಜಾಸ್ತಿ. 28 ಅಡಿಗಿಂತ ಚಿಕ್ಕ ಬೋಟ್ ಆಗಿದ್ರೆ ನಮ್ಮ ಸಲಹೆ ನೇರ: ಬಿಸಿಗಾಳಿ ಹೀಟರ್ ಹಾಕ್ಸಿ, ಈ ಗೋಜಿಗೆ ಹೋಗ್ಬೇಡಿ.

ವ್ಯವಸ್ಥೆ ಸರಳ. ವೆಬಾಸ್ಟೋ ಅಥವಾ ಎಬರ್‌ಸ್ಪೇಷರ್ ತರದ ಹೀಟರ್ ಒಳಗೆ ಒಂದು ಬರ್ನರ್, ಗಾಳಿ ಊದೋ ಫ್ಯಾನ್, ಕೆಂಪಗೆ ಕಾದು ಡೀಸೆಲ್ ಹೊತ್ತಿಸೋ ಗ್ಲೋ ಪಿನ್. ಬರ್ನರ್ ಸುತ್ತ ಕೂಲೆಂಟ್, ಅಂದ್ರೆ ಬಿಸಿ ಹೊತ್ತೊಯ್ಯೋ ದ್ರವ, ಹರಿಯುತ್ತೆ. ಬಿಸಿಯಾದ ಕೂಲೆಂಟ್‌ನ ಪಂಪ್ ಬೋಟ್ ಪೂರ್ತಿ ಸುತ್ತಿಸುತ್ತೆ. ಈ ಕೂಲೆಂಟ್ ನಲ್ಲಿಗೆ ಬರೋ ನೀರಲ್ಲ, ಅದರ ಸುತ್ತು ಬೇರೆ.

ಈಗ ಮುಖ್ಯ ವಿಷಯ. ಎಷ್ಟು ದೊಡ್ಡ ಹೀಟರ್ ಬೇಕು? ಎಲ್ಲರೂ "ಇರ್ಲಿ, ದೊಡ್ಡದೇ ತಗೊಳ್ಳೋಣ" ಅಂತಾರೆ. ಈ ಹೀಟರ್‌ಗಳು ಕೆಡೋದು ಹೆಚ್ಚಾಗಿ ಅಲ್ಲೇ. ಲೆಕ್ಕ ನೋಡಿ. ಈ ಗಾತ್ರದ ಬೋಟ್‌ನಲ್ಲಿ ಹೊರಗಿನ ಚಳಿಗೆ ತೆರೆದಿರೋ ಮೈ ಸುಮಾರು 45 ಚದರ ಮೀಟರ್ ಅಂದ್ಕೊಳ್ಳಿ. ಇನ್ಸುಲೇಷನ್ ಇಲ್ಲದ ಫೈಬರ್‌ಗ್ಲಾಸ್ ಮೂಲಕ, ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರ್‌ಗೆ 4 ವ್ಯಾಟ್ ಹೋಗುತ್ತೆ ಅಂತ ಒರಟಾಗಿ ಹಿಡಿಯೋಣ. ಹೊರಗೆ 4 ಡಿಗ್ರಿ, ಒಳಗೆ 19 ಬೇಕು ಅಂದ್ರೆ 15 ಡಿಗ್ರಿ ವ್ಯತ್ಯಾಸ. ಗುಣಿಸಿದ್ರೆ 2.7 ಕಿಲೋವ್ಯಾಟ್. ಅದೂ ಕೆಟ್ಟ ರಾತ್ರಿಗೆ. ಹೊರಗೆ 10 ಡಿಗ್ರಿ ಇದ್ರೆ 1.6 ಕಿಲೋವ್ಯಾಟ್ ಸಾಕು. 5 ಕಿಲೋವ್ಯಾಟ್ ಹೀಟರ್ ತನ್ನ ಅತಿ ಸಣ್ಣ ಉರಿಯಲ್ಲೂ, ಮಾಡೆಲ್ ಪ್ರಕಾರ, 1.5ರಿಂದ 2.5 ಕಿಲೋವ್ಯಾಟ್ ಕೊಡುತ್ತೆ. ಅಂದ್ರೆ ಬಹುತೇಕ ದಿನ ಅದಕ್ಕೆ ಸಾಕಷ್ಟು ಕೆಲಸವೇ ಇರಲ್ಲ.

ಕೆಲಸ ಇಲ್ಲದಿದ್ರೆ ಏನಾಗುತ್ತೆ? ಕೂಲೆಂಟ್ ಬೇಗ 80 ಡಿಗ್ರಿ ಆಸುಪಾಸಿಗೆ ಬಂದುಬಿಡುತ್ತೆ, ಹೀಟರ್ ಉರಿ ತಗ್ಗಿಸುತ್ತೆ, ಆಮೇಲೆ ಆರುತ್ತೆ, ಕೂಲೆಂಟ್ ತಣ್ಣಗಾದ್ಮೇಲೆ ಮತ್ತೆ ಹೊತ್ಕೊಳ್ಳುತ್ತೆ. ಪ್ರತಿ ಸಲ ಹೊತ್ತುವಾಗ, ಆರುವಾಗ ಡೀಸೆಲ್ ಅರೆಬರೆ ಉರಿಯುತ್ತೆ. ಬಚ್ಚಲ ಒಲೆಗೆ ಹಸಿ ಸೌದೆ ತುರುಕಿದ ಹಾಗೆ: ಬಿಸಿ ಕಡಿಮೆ, ಮಸಿ ಜಾಸ್ತಿ. ಆ ಮಸಿ ಬರ್ನರ್‌ನ ಜಾಲರಿ ಮೇಲೆ ಕೂರುತ್ತೆ, ಗ್ಲೋ ಪಿನ್ ಸುತ್ತ ಗಟ್ಟಿಯಾಗುತ್ತೆ, ಒಂದು ದಿನ ಹೀಟರ್ ಹೊತ್ತೋದೇ ಇಲ್ಲ. ಅದಕ್ಕೇ ಈ ಬೋಟ್‌ಗೆ 4 ಅಥವಾ 5 ಕಿಲೋವ್ಯಾಟ್ ಧಾರಾಳ, ಅದರ ಮೇಲಿನ ಮಾಡೆಲ್ ಕಡೆ ತಲೆ ಹಾಕ್ಲೇಬೇಡಿ. ಉಳಿದ ಜೋಡಣೆ ಎಲ್ಲಾ ಹೀಟರ್‌ಗೆ ಗಟ್ಟಿ ಕೆಲಸ ಕೊಡೋ ಹಾಗಿರ್ಬೇಕು.

ಆ ಕೆಲಸದಲ್ಲಿ ದೊಡ್ಡ ಪಾಲು ಬಿಸಿನೀರಿನ ಟ್ಯಾಂಕ್‌ದು. ನೋಡಿ, ಇದು 22 ಲೀಟರ್‌ದು, ಒಳಗೆ ಎರಡು ಕಾಯಿಲ್, ಅಂದ್ರೆ ಸುರುಳಿ ಪೈಪ್. ಒಂದಕ್ಕೆ ಇಂಜಿನ್‌ನ ಕೂಲೆಂಟ್, ಇನ್ನೊಂದಕ್ಕೆ ಹೀಟರ್‌ದು. ಎರಡೂ ಎಂದೂ ಬೆರೆಯಬಾರದು. ಬೆರೆತರೆ ಒಂದರ ಲೀಕ್, ಒಂದರ ಕೊಳೆ ಇನ್ನೊಂದಕ್ಕೂ ಅಂಟುತ್ತೆ. 22 ಲೀಟರ್ ನೀರನ್ನ 10ರಿಂದ 60 ಡಿಗ್ರಿಗೆ ತರೋಕೆ ಸುಮಾರು 1.3 ಕಿಲೋವ್ಯಾಟ್ ಗಂಟೆ ಶಾಖ ಬೇಕು. ಪೂರ್ತಿ ಉರಿಯಲ್ಲಿ ಕಾಲು ಗಂಟೆಗೂ ಮೇಲೆ. ಕೂಲೆಂಟ್ ಸುತ್ತಿನಲ್ಲಿ ಹೀಟರ್ ಆದ ತಕ್ಷಣ ಈ ಟ್ಯಾಂಕ್, ಆಮೇಲೆ ಸಲೂನ್‌ನ (ಬೋಟ್‌ನ ಮುಖ್ಯ ಕೋಣೆಯ) ಫ್ಯಾನ್ ಹೀಟರ್, ಅಂದ್ರೆ ಕೂಲೆಂಟ್‌ನ ಬಿಸಿನ ಗಾಳಿಯಾಗಿ ಊದೋ ಪೆಟ್ಟಿಗೆ, ಆಮೇಲೆ ಮುಂದಿನ ಕ್ಯಾಬಿನ್‌ದು, ಕೊನೆಗೆ ಟಾಯ್ಲೆಟ್‌ನಲ್ಲಿ ಟವೆಲ್ ರೇಡಿಯೇಟರ್. ಅಲ್ಲಿಂದ ವಾಪಸ್ ಪಂಪ್‌ಗೆ. ಇಷ್ಟು ಚಿಕ್ಕ ಬೋಟ್‌ನಲ್ಲಿ ಒಂದೇ ಸಾಲಿನ ಸುತ್ತು ಸಾಕು. ಕವಲು ಮಾಡಿದ್ರೆ ಪ್ರತಿ ಕವಲಿಗೂ ವಾಲ್ವ್ ಇಟ್ಟು ಹರಿವು ಹೊಂದಿಸ್ತಾ ಕೂರ್ಬೇಕು. ಬೇಸಿಗೆಗೆ ಮಾತ್ರ ಟ್ಯಾಂಕ್ ಆದ್ಮೇಲೆ ಒಂದು ಬೈಪಾಸ್ ವಾಲ್ವ್ ಇಡಿ, ಸ್ನಾನದ ನೀರಿಗೋಸ್ಕರ ಇಡೀ ಕ್ಯಾಬಿನ್ ಬೇಯೋದು ಬೇಡ. ಇನ್ನೊಂದು ಮಾತು: ಇಂಜಿನ್ ಓಡ್ತಿದ್ರೆ ಟ್ಯಾಂಕ್‌ನ ನೀರು 80 ಡಿಗ್ರಿ ಮುಟ್ಟಬಹುದು, ಕೈ ಸುಟ್ಟುಹೋಗುತ್ತೆ. ಟ್ಯಾಂಕ್ ಬಾಯಿಗೆ ತಣ್ಣೀರು ಬೆರೆಸೋ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕ್ಲೇಬೇಕು.

ಹೋಸ್ ವಿಷಯದಲ್ಲಿ ಜಿಪುಣತನ ಬೇಡ. ಇಂಜಿನ್ ಹೀಟರ್‌ಗೆ ಬಳಸೋ ರಬ್ಬರ್ ಹೋಸ್ ತಗೊಳ್ಳಿ, ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಬಿಸಿಗೆ ಮೆತ್ತಗಾಗಿ ಕ್ಲಿಪ್‌ನಿಂದ ಜಾರುತ್ತೆ. ಲಾಕರ್, ಬಿಲ್ಜ್ (ಬೋಟ್‌ನ ತಳದ ನೀರು ನಿಲ್ಲೋ ಜಾಗ) ಮೂಲಕ ಹೋಗೋ ಕಡೆ ಎಲ್ಲಾ ಫೋಮ್ ಸುತ್ತಿ, ಇಲ್ಲದಿದ್ರೆ ಬಿಲ್ಜ್‌ನ ನೀರು ಕಾಯಿಸ್ತೀರಿ. ಕೂಲೆಂಟ್‌ಗೆ ಹೆಪ್ಪುಗಟ್ಟದ ಹಾಗೆ ತಡೆಯೋ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ. ಕಾರಿಗೆ ಹಾಕೋ ಎಥಿಲೀನ್ ಗ್ಲೈಕಾಲ್ ವಿಷ. ಕಾಯಿಲ್ ತೂತಾದ್ರೆ ಅದು ಬರೋದು ನಿಮ್ಮ ನಲ್ಲಿಗೆ. ಅಂಗಡೀಲಿ ಸಿಗೋ ಗುಲಾಬಿ ಬಣ್ಣದ ಆಂಟಿಫ್ರೀಜ್ ಕುಡಿಯೋ ನೀರಿನ ಪೈಪ್‌ಗಳನ್ನ ಚಳಿಗಾಲಕ್ಕೆ ಮುಚ್ಚಿಡೋಕೆ ಮಾಡಿದ್ದು, ಈ ಸುತ್ತಿಗೆ ಅದು ಬೇಡ.

ಕೂಲೆಂಟ್ ತುಂಬಿಸೋಕೆ, ಅದು ಹಿಗ್ಗೋಕೆ ಇರೋ ಹೆಡರ್ ಟ್ಯಾಂಕ್ ಇಡೀ ಸುತ್ತಿನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರ್ಬೇಕು. ಕಾಕ್‌ಪಿಟ್ (ಬೋಟ್ ನಡೆಸೋರು ಕೂರೋ ಜಾಗ) ಲಾಕರ್‌ನ ಮೇಲ್ಭಾಗ ಸಾಮಾನ್ಯವಾಗಿ ಸರಿಹೋಗುತ್ತೆ. 15 ಲೀಟರ್ ಕೂಲೆಂಟ್ ತಣ್ಣಗಿಂದ 80 ಡಿಗ್ರಿಗೆ ಬಂದ್ರೆ ಅರ್ಧ ಲೀಟರ್‌ಗೂ ಮೇಲೆ ಹಿಗ್ಗುತ್ತೆ, ಅಷ್ಟು ಖಾಲಿ ಜಾಗ ಬಿಡಿ. ಪಂಪ್ ಹೀಟರ್‌ನ ಒಳಬರೋ ಕಡೆ, ಹೀಟರ್‌ಗಿಂತ ತಗ್ಗಲ್ಲಿ. ಮೈ ಮೇಲಿರೋ ಬಾಣದ ಗುರುತು ಹೀಟರ್ ಕಡೆ ತಿರುಗಿರ್ಬೇಕು. ಹರಿವು ಎಷ್ಟು ಬೇಕು ಅಂದ್ರೆ, 5 ಕಿಲೋವ್ಯಾಟ್ ಸಾಗಿಸ್ಬೇಕು, ಹೋಗೋ ಬರೋ ಕೂಲೆಂಟ್‌ಗೆ 10 ಡಿಗ್ರಿ ವ್ಯತ್ಯಾಸ ಇರ್ಬೇಕು ಅಂದ್ರೆ ಗಂಟೆಗೆ ಸುಮಾರು 500 ಲೀಟರ್. ಪ್ರತಿ ಎಲ್ಬೋ, ಪ್ರತಿ ಕಿರಿದಾದ ಜಾಯಿಂಟ್ ಇದನ್ನ ತಗ್ಗಿಸುತ್ತೆ. ಹೋಸ್ ಬಳುಕಿಸಿ ತಿರುಗಿಸಿ, ಎಲ್ಬೋ ಕಡಿಮೆ ಮಾಡಿ.

ಎಕ್ಸಾಸ್ಟ್ ಹತ್ರ ನಿಧಾನ ಮಾಡೋಣ, ಇದು ಪ್ರಾಣದ ಪ್ರಶ್ನೆ. ಪೈಪ್ ಸ್ಟೇನ್‌ಲೆಸ್ ಸ್ಟೀಲ್‌ದು, ಮೇಲೆ ಗ್ಲಾಸ್ ಫೈಬರ್ ಹೊದಿಕೆ. ಸೈಲೆನ್ಸರ್ ಬೋಟ್‌ಗೇ ಮಾಡಿದ್ದು ಇರ್ಬೇಕು, ಪೂರ್ತಿ ವೆಲ್ಡ್ ಆಗಿರೋದು. ವಾಹನದ ಕಿಟ್ ಜೊತೆ ಬರೋ ಸೈಲೆನ್ಸರ್ ಮಡಚಿ ಸೇರಿಸಿರೋದು, ಅಂಚಿನಲ್ಲಿ ಹೊಗೆ ಸೋರುತ್ತೆ. ಲಾರಿ ಅಡಿಯಲ್ಲಿ ಪರವಾಗಿಲ್ಲ, ಬೋಟ್‌ನೊಳಗೆ ಅದೇ ಕಾರ್ಬನ್ ಮೊನಾಕ್ಸೈಡ್ ಮಲಗೋ ಜಾಗಕ್ಕೆ ಬರುತ್ತೆ. ಹಲ್‌ನಿಂದ ಹೊರಹೋಗೋ ಫಿಟ್ಟಿಂಗ್ ಎರಡು ಗೋಡೆಯದು, ಫೈಬರ್‌ಗ್ಲಾಸ್‌ಗೆ ಬಿಸಿ ತಾಗಬಾರದು. ಅದು ಬೋಟ್ ವಾಲಿದಾಗಲೂ ನೀರಿನ ಮಟ್ಟಕ್ಕಿಂತ ಮೇಲಿರ್ಬೇಕು. ಫಿಟ್ಟಿಂಗ್ ಒಳಗಡೆ ಪೈಪ್‌ನ ಮೊದಲು ಮೇಲಕ್ಕೆ ಎತ್ತಿ, ಬಾಗಿಸಿ, ಆಮೇಲೆ ಇಳಿಸಿ. ಆ ಬಾಗು ಇಲ್ಲದಿದ್ರೆ ಒಂದು ದೊಡ್ಡ ಅಲೆ ಸೀದಾ ಬರ್ನರ್ ಒಳಗೆ. ಹೊಗೆಯಲ್ಲಿರೋ ನೀರಾವಿ ತಣ್ಣಗಾಗಿ, ನೀರಾಗಿ ಪೈಪ್‌ನ ತಗ್ಗಲ್ಲಿ ನಿಲ್ಲುತ್ತೆ. ಅಲ್ಲಿ ಮುಚ್ಚಳ ಇರೋ ಡ್ರೈನ್ ಇಡಿ, ಆಗಾಗ ಬಿಚ್ಚಿ ಖಾಲಿ ಮಾಡಿ. ಒಳಗಡೆ ಬರೀ ತೂತು ಕೊರೆದು ಬಿಡಬೇಡಿ. ಉರಿಯೋಕೆ ಬೇಕಾದ ಗಾಳಿ ಮಲಗೋ ಕ್ಯಾಬಿನ್‌ನಿಂದ ಎಳೆಯಬಾರದು. ಕೊನೆಗೆ, ಪ್ರತಿ ಮಲಗೋ ಕ್ಯಾಬಿನ್‌ನಲ್ಲೂ ಬೋಟ್‌ಗೆ ಅಂತಲೇ ಪ್ರಮಾಣಪತ್ರ ಇರೋ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್. ಇದರಲ್ಲಿ ಚೌಕಾಸಿ ಇಲ್ಲ.

ಡೀಸೆಲ್‌ಗೆ ಟ್ಯಾಂಕ್‌ನಿಂದ ಪ್ರತ್ಯೇಕ ಪೈಪ್ ಬೇಕು. ಇಂಜಿನ್‌ನ ಲೈನ್‌ಗೆ ಟೀ ಹಾಕಿದ್ರೆ ಇಂಜಿನ್ ಎಳೆತಕ್ಕೆ ಹೀಟರ್‌ಗೆ ಎಣ್ಣೆ ಸಿಗಲ್ಲ, ಗಾಳಿ ಸೇರುತ್ತೆ. ಈ ಶಾಟ್‌ನಲ್ಲಿ ಅಲ್ಯೂಮಿನಿಯಂ ಟ್ಯಾಂಕ್‌ನ ತಪಾಸಣೆ ಮುಚ್ಚಳ ಬಿಚ್ಚಿ ಹೊರಗಿಟ್ಟು ಅದಕ್ಕೆ ತೂತು ಕೊರೀತಿದ್ದಾರೆ. ಟ್ಯಾಂಕ್ ಮೇಲೇ ಕೊರೆದ್ರೆ ಲೋಹದ ಚೂರು ಡೀಸೆಲ್‌ಗೆ ಬೀಳುತ್ತೆ. ಪೈಪ್‌ನ ತುದಿ ಇಂಜಿನ್ ಪೈಪ್‌ಗಿಂತ ಸ್ವಲ್ಪ ಮೇಲಿರಲಿ, ಎಣ್ಣೆ ಮುಗಿಯುವಾಗ ಮೊದಲು ಹೀಟರ್ ನಿಲ್ಲಲಿ, ಇಂಜಿನ್ ಅಲ್ಲ. ಹೀಟರ್‌ಗೆ ಹೋಗೋ ಪೈಪ್‌ನ ಒಳಗಿನ ತೂತು ಸುಮಾರು 2 ಮಿಲಿಮೀಟರ್. ಇಷ್ಟು ಸಣ್ಣದಾ ಅನ್ಸುತ್ತೆ, ಆದ್ರೆ ಅದಕ್ಕೆ ಕಾರಣ ಇದೆ: ದಪ್ಪ ಪೈಪ್‌ನಲ್ಲಿ ಗಾಳಿಗುಳ್ಳೆ ಒಂದುಗೂಡಿ ದೊಡ್ಡದಾಗಿ ಉರಿ ಆರಿಸುತ್ತೆ. ಎರಡು ಪೈಪ್ ಸೇರೋ ಕಡೆ ರಬ್ಬರ್ ತೋಳಿನೊಳಗೆ ತುದಿಗೆ ತುದಿ ಅಂಟಿಕೊಂಡಿರ್ಬೇಕು, ನಡುವೆ ಒಂದು ಮಿಲಿಮೀಟರ್ ಸಂದಿ ಬಿಟ್ರೂ ಗುಳ್ಳೆ ಅಲ್ಲೇ ಮನೆ ಮಾಡುತ್ತೆ. ಡೀಸೆಲ್‌ನ ಅಳೆದಳೆದು ಕಳಿಸೋ, ಟಿಕ್ ಟಿಕ್ ಅನ್ನೋ ಡೋಸಿಂಗ್ ಪಂಪ್ ಡೀಸೆಲ್ ಟ್ಯಾಂಕ್ ಹತ್ರವೇ ಇರ್ಲಿ, ಹೊರಬಾಯಿ ಮೇಲ್ಮುಖವಾಗಿ, ರಬ್ಬರ್ ಹಿಡಿಕೆಯಲ್ಲಿ. ನೇರ ಮರಕ್ಕೆ ಬಿಗಿದ್ರೆ ರಾತ್ರಿ ಇಡೀ ಆ ಸದ್ದು ಕೇಳ್ತಾ ಮಲಗ್ಬೇಕು. ಪಂಪ್‌ಗೆ ಮುಂಚೆ ಚಿಕ್ಕ ಫಿಲ್ಟರ್.

ವೈರಿಂಗ್ ಬೇಗ ಮುಗಿಸೋಣ. ಹೊತ್ತುವಾಗ ಗ್ಲೋ ಪಿನ್ ಎರಡು ಮೂರು ನಿಮಿಷ ಜೋರಾಗಿ ಕರೆಂಟ್ ಎಳೆಯುತ್ತೆ. ಬ್ಯಾಟರಿಯಿಂದ ಹೀಟರ್‌ಗೆ 4 ಮೀಟರ್ ದೂರ ಇದ್ರೆ ಹೋಗಿ ಬರೋದು 8 ಮೀಟರ್. 6 ಚದರ ಮಿಲಿಮೀಟರ್ ವೈರ್‌ನಲ್ಲಿ 15 ಆಂಪಿಯರ್‌ಗೆ ಸುಮಾರು 0.35 ವೋಲ್ಟ್ ಕಳೆಯುತ್ತೆ, ಪರವಾಗಿಲ್ಲ. ಅದಕ್ಕಿಂತ ತೆಳು ವೈರ್ ಹಾಕಿದ್ರೆ ಬ್ಯಾಟರಿ ಚೆನ್ನಾಗಿದ್ರೂ ಹೀಟರ್ "ವೋಲ್ಟೇಜ್ ಕಡಿಮೆ" ಅಂತ ನಿಲ್ಲುತ್ತೆ. ಫ್ಯೂಸ್ ಬ್ಯಾಟರಿ ಹತ್ರ. ಹೀಟರ್‌ನ ಎಂದೂ ಮೇನ್ ಸ್ವಿಚ್‌ನಿಂದ ಆಫ್ ಮಾಡ್ಬೇಡಿ. ಕಂಟ್ರೋಲರ್‌ನಲ್ಲಿ ಆಫ್ ಒತ್ತಿದ್ಮೇಲೂ ಫ್ಯಾನ್, ಪಂಪ್ ಎರಡು ಮೂರು ನಿಮಿಷ ಓಡಿ ಒಳಗಿನ ಬಿಸಿ ಹೊರಹಾಕುತ್ತೆ. ಮಧ್ಯದಲ್ಲಿ ಕರೆಂಟ್ ಕಿತ್ರೆ ಬರ್ನರ್ ತನ್ನ ಬಿಸಿಗೆ ತಾನೇ ಬೇಯುತ್ತೆ. ಕ್ಯಾಬಿನ್ ಫ್ಯಾನ್‌ಗಳಿಗೆ ಹೋಸ್ ಮೇಲೆ ಕೂರೋ ಥರ್ಮೋಸ್ಟಾಟ್ ಹಾಕಿ, ಕೂಲೆಂಟ್ 40–45 ಡಿಗ್ರಿ ಆದ್ಮೇಲೆ ತಿರುಗಲಿ, ಇಲ್ಲದಿದ್ರೆ ಮುಖಕ್ಕೆ ತಣ್ಣನೆ ಗಾಳಿ.

ಈಗ ತುಂಬಿಸೋದು. ಮೊದಲ ದಿನ ಬಹುಪಾಲು ತಲೆನೋವು ಇಲ್ಲೇ. ಹೋಸ್‌ನ ಒಂದು ಕಡೆ ಡೊಂಕಾಗಿ ಮೇಲೆದ್ದಿದ್ರೆ ಗಾಳಿ ಅಲ್ಲೇ ಕೂತು ಹರಿವು ತಡೆಯುತ್ತೆ. ಬರ್ನರ್ ಬಿಸಿ ಹೋಗೋಕೆ ದಾರಿ ಇಲ್ಲದೆ ಹೀಟರ್ ನಿಮಿಷದೊಳಗೆ ಓವರ್‌ಹೀಟ್ ಅಂತ ಲಾಕ್ ಆಗುತ್ತೆ. ಎತ್ತರದ ಪ್ರತಿ ಜಾಗದಲ್ಲೂ ಗಾಳಿ ಹೊರಬಿಡೋ ಬ್ಲೀಡ್ ಸ್ಕ್ರೂ ಬೇಕು. ಹೆಡರ್ ಟ್ಯಾಂಕ್‌ಗೆ ನಿಧಾನವಾಗಿ ಸುರೀತಾ, ಹೀಟರ್ ಹೊತ್ತಿಸದೆ ಪಂಪ್ ಮಾತ್ರ ಓಡಿಸಿ, ಹತ್ತಿರದ ಸ್ಕ್ರೂನಿಂದ ದೂರದವರೆಗೆ ಒಂದೊಂದಾಗಿ ಬಿಚ್ಚಿ. ಗುಳುಗುಳು ನಿಂತು ಬರೀ ದ್ರವ ಬರೋವರೆಗೂ. ಮೊಂಡು ಗಾಳಿ ಆದ್ರೆ ವಾಪಸ್ ಬರೋ ಹೋಸ್ ಬಿಚ್ಚಿ ಬಕೆಟ್‌ಗಿಟ್ಟು, ಹೋಗೋ ಕಡೆಯಿಂದ ಡ್ರಿಲ್‌ಗೆ ಜೋಡಿಸೋ ಚಿಕ್ಕ ಪಂಪ್‌ನಿಂದ ತಳ್ಳಿ. ಆಮೇಲೆ ಹೋಸ್ ಮುಟ್ಟಿ ನೋಡಿ. ಹೀಟರ್ ಓಡುವಾಗ ಹೋಗೋ ಹೋಸ್ ಸುಡ್ತಾ, ಬರೋದು ತಣ್ಣಗೇ ಇದ್ರೆ ಗಾಳಿ ಇನ್ನೂ ಒಳಗಿದೆ.

ಮೊದಲ ಸ್ಟಾರ್ಟ್‌ಗೆ ಡೀಸೆಲ್ ಲೈನ್ ಖಾಲಿ ಇರುತ್ತೆ. ಸ್ಟಾರ್ಟ್, ಫೇಲ್, ಮತ್ತೆ ಸ್ಟಾರ್ಟ್ ಅಂತ ಒತ್ತುತ್ತಲೇ ಇದ್ರೆ ಉರಿಯದ ಡೀಸೆಲ್ ಬರ್ನರ್‌ನಲ್ಲಿ ನಿಂತು, ಕೊನೆಗೆ ಹೊತ್ತಿದಾಗ ಬಿಳಿ ಹೊಗೆಯ ಮೋಡ ಏಳುತ್ತೆ, ಮರೀನಾ (ಬೋಟ್ ನಿಲ್ಲಿಸೋ ತಾಣ) ಪೂರ್ತಿ ಎದ್ದು ಬರುತ್ತೆ. ಹೀಟರ್ ಹತ್ರದ ಪೈಪ್ ಬಿಚ್ಚಿ, ಡೋಸಿಂಗ್ ಪಂಪ್‌ನ ಬೇರೆಯಾಗಿ ಓಡಿಸಿ, ಡೀಸೆಲ್ ಬರೋದು ಕಂಡ ಮೇಲೆ ಸೇರಿಸಿ.

ಬಳಕೆ ವಿಷಯ. ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 0.6 ಲೀಟರ್ ಡೀಸೆಲ್, ಪಂಪ್ ಫ್ಯಾನ್ ಎಲ್ಲಾ ಸೇರಿ 6–8 ಆಂಪಿಯರ್. ರಾತ್ರಿ ಇಡೀ ಸಣ್ಣ ಉರಿಯಲ್ಲಿ ಬಿಡೋ ಬದಲು ಮಲಗೋಕೆ ಮುಂಚೆ ಒಂದು ಗಂಟೆ, ಬೆಳಗ್ಗೆ ಎದ್ದು ಒಂದು ಗಂಟೆ ಜೋರಾಗಿ ಓಡಿಸಿ. ಕ್ಯಾಬಿನ್ ಬೆಚ್ಚಗಿದ್ರೂ ವಾರಕ್ಕೊಮ್ಮೆ ಎಲ್ಲಾ ಫ್ಯಾನ್ ಹಾಕಿ, ಹ್ಯಾಚ್ (ಮೇಲ್ಗಡೆಯ ಮುಚ್ಚಳದ ಬಾಗಿಲು) ತೆರೆದು, ಬಿಸಿನೀರು ಖರ್ಚು ಮಾಡಿ ಅರ್ಧ ಗಂಟೆ ಪೂರ್ತಿ ಉರಿಸಿ, ಮಸಿ ಸುಟ್ಟುಹೋಗಲಿ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಕಾಲು ಗಂಟೆ. ಎಕ್ಸಾಸ್ಟ್ ಬಾಯಿಗೆ ಬೆರಳು ಸವರಿ ನೋಡಿ, ತಣ್ಣಗಿರುವಾಗ ಮಾತ್ರ. ಒಣ ಬೂದಿ ಬಣ್ಣ ಇದ್ರೆ ಸರಿ, ಜಿಗುಟು ಕಪ್ಪು ಮಸಿ ಬಂದ್ರೆ ಬರ್ನರ್ ಬಿಚ್ಚೋ ಹೊತ್ತು ಬಂತು ಅಂತ. ಬಿಚ್ಚೋಕೆ ಹೋಗೋ ಮುಂಚೆ ಬರ್ನರ್ ಗ್ಯಾಸ್ಕೆಟ್, ಗ್ಲೋ ಪಿನ್, ಅದರ ಜಾಲರಿ ಮೂರೂ ಕೈಯಲ್ಲಿರ್ಲಿ. ಹಳೇ ಗ್ಯಾಸ್ಕೆಟ್ ಮತ್ತೆ ಕೂರಿಸಿದ್ರೆ ಹೊಗೆ ಒಳಗೇ ಸೋರುತ್ತೆ.