ಚಾನೆಲ್ 16ರ ಇಂಗ್ಲಿಷ್

(ಕಾರವಾರದಲ್ಲಿ ಮೀನುಗಾರ ಕುಟುಂಬಗಳಿಗಾಗಿ ಶುರುವಾದ ಸಂಜೆ ಇಂಗ್ಲಿಷ್ ತರಗತಿಯ ಮೊದಲ ದಿನ, ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಬೋಟುಗಳನ್ನೆಲ್ಲ ಬೈತಖೋಲಿನಲ್ಲಿ ಕಟ್ಟಿ ಬಂದಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮಳೆಗಾಲದ ಮೀನುಗಾರಿಕೆ ನಿಷೇಧ, ಕಡಲಿಗಿಳಿಯುವ ಹಾಗಿಲ್ಲ. ಬಲೆ ರಿಪೇರಿ, ಎಂಜಿನ್ ಕೆಲಸ, ಮನೆಯ ಮಾಡು ಎಲ್ಲವೂ ಇದೇ ಹೊತ್ತಿನಲ್ಲಿ ಆಗಬೇಕು. ಅದರ ನಡುವೆ ಸಂಜೆಯ ಒಂದು ತಾಸನ್ನು ಇಂಗ್ಲಿಷಿಗೆ ಎತ್ತಿಟ್ಟಿದ್ದೀರಲ್ಲ, ಅದು ನನಗೆ ತುಂಬ ಖುಷಿ ಕೊಟ್ಟಿದೆ.

ಇಂಗ್ಲಿಷಿನ ಮಾತು ಬಂದರೆ ನಮ್ಮಲ್ಲಿ ಒಂದೋ ಭಯ, ಇಲ್ಲವೇ ಕನ್ನಡ ಶಾಲೆಗಳ ಗತಿಯೇನು ಎಂಬ ಚಿಂತೆ. ಆ ಚಿಂತೆ ನನಗೂ ಇದೆ, ಅದು ಸಣ್ಣದಲ್ಲ. ಇವತ್ತು ಮಾತ್ರ ಇಂಗ್ಲಿಷಿನಿಂದ ನಮ್ಮ ಜನಕ್ಕೆ ಆದ ಒಳ್ಳೆಯದನ್ನು ಹೇಳುತ್ತೇನೆ. ಅದನ್ನು ವೇದಿಕೆ ಮೇಲೆ ನಿಂತು ಯಾರೂ ಹೇಳುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಒಂದು ದಿನ ಬೋಟಿನ ಕ್ಯಾಬಿನ್ನಿಗೆ ಕರೆದೊಯ್ದು ತೋರಿಸಿದ. ಚುಕ್ಕಾಣಿಯ ಎದುರು ಜಿಪಿಎಸ್, ಪಕ್ಕದಲ್ಲಿ ಫಿಶ್ ಫೈಂಡರ್, ಮೇಲೆ ಸುರುಳಿ ವೈರಿನ ಮೈಕ್ ತೂಗುಹಾಕಿದ ವಿಎಚ್‌ಎಫ್ ರೇಡಿಯೊ ಸೆಟ್ಟು. ಮೂರರಲ್ಲೂ ಇರುವುದು ಇಂಗ್ಲಿಷೇ. ಯಾವ ಗುಂಡಿ ಒತ್ತಿದರೆ ಏನು ಬರುತ್ತದೆ, ಯಾವ ಅಕ್ಷರ ಮಿನುಗಿದರೆ ಬ್ಯಾಟರಿ ಇಳಿದಿದೆ ಎಂದು ಅವನು ಪಟಪಟನೆ ಹೇಳುತ್ತ ಹೋದ.

ಆಮೇಲೆ ಹಳೆಯದೊಂದು ಸಂಗತಿ ಹೇಳಿದ. ಒಮ್ಮೆ ನಡುಕಡಲಲ್ಲಿ ಎಂಜಿನ್ ನಿಂತು ಬೋಟು ಗಾಳಿಗೆ ತೇಲತೊಡಗಿತಂತೆ. ಮೊಬೈಲಿಗೆ ಸಿಗ್ನಲ್ ಇಲ್ಲ. ವಿಎಚ್‌ಎಫ್‌ನ ಚಾನೆಲ್ 16 ನಿಮಗೆಲ್ಲ ಗೊತ್ತು, ಜಗತ್ತಿನ ಯಾವ ಕಡಲಿಗೆ ಹೋದರೂ ಆಪತ್ತಿನ ಕರೆಗೆ ಅದೇ ಚಾನೆಲ್. ಇವನು ಮೈಕ್ ಹಿಡಿದು ಬೋಟಿನ ಹೆಸರನ್ನು ಮೂರು ಸಲ ಹೇಳಿದ. ಆಮೇಲೆ ತಾನಿದ್ದ ಜಾಗ: ‘ವನ್ ಫೋರ್ ಡಿಗ್ರೀಸ್, ಫೋರ್ ಟೂ ಮಿನಿಟ್ಸ್ ನಾರ್ತ್.’ ಫೋರ್ಟೀನ್ ಎಂದರೆ ಫಾರ್ಟಿ ಎಂದು ಕೇಳಿಸೀತೆಂದು ಒಂದೊಂದೇ ಅಂಕಿ ಬಿಡಿಸಿ ಹೇಳಿದ. ಹಾಗೆಯೇ ಈಸ್ಟ್. ಕೊನೆಗೆ, ‘ಎಂಜಿನ್ ಫೇಲ್. ಸೆವೆನ್ ಪರ್ಸನ್ಸ್. ಆಲ್ ಸೇಫ್. ನೀಡ್ ಟೋ.’ ದೂರದಲ್ಲಿ ಸಾಗುತ್ತಿದ್ದ ಸರಕು ಹಡಗೊಂದು ಕೇಳಿಸಿಕೊಂಡು ಸುದ್ದಿ ದಾಟಿಸಿತು. ಕತ್ತಲಾಗುವುದರೊಳಗೆ ಇನ್ನೊಂದು ಬೋಟು ಬಂದು ಹಗ್ಗ ಕಟ್ಟಿ ಎಳೆದು ತಂದಿತು. ಆ ಹಡಗಿನವನು ಯಾವ ದೇಶದವನೋ ಇವನಿಗೆ ಗೊತ್ತಾಗಲಿಲ್ಲ. ಉಚ್ಚಾರ ಕೇಳಿದರೆ ಅವನಿಗೂ ಇಂಗ್ಲಿಷ್ ಮನೆಮಾತಲ್ಲ ಎಂಬುದಷ್ಟೇ ತಿಳಿಯಿತಂತೆ.

ವ್ಯಾಕರಣ ಹಿಡಿದು ನೋಡಿದರೆ ಇವನು ಆಡಿದ್ದರಲ್ಲಿ ಒಂದೂ ಪೂರ್ತಿ ವಾಕ್ಯವಿಲ್ಲ. ಆದರೆ ಯಾರು, ಎಲ್ಲಿ, ಏನಾಗಿದೆ, ಎಷ್ಟು ಜನ, ಏನು ಬೇಕು, ಎಲ್ಲ ಬಂತು. ವರ್ಷಗಟ್ಟಲೆ ಪ್ರಬಂಧ ತಿದ್ದಿದವಳು ನಾನು. ಇಷ್ಟು ಅಚ್ಚುಕಟ್ಟಾದ ಇಂಗ್ಲಿಷ್ ಕಂಡದ್ದು ಅಪರೂಪ.

ಅಂಕೋಲೆಯಲ್ಲಿ ಮಾವಿನ ಕಾಲದಲ್ಲಿ ರಸ್ತೆ ಬದಿ ಕರಿ ಈಶಾಡಿನ ಬುಟ್ಟಿ ಇಟ್ಟು ಕೂರುವ ಹಾಲಕ್ಕಿ ಸಮುದಾಯದ ಅಮ್ಮಂದಿರಿದ್ದಾರಲ್ಲ, ಅವರಲ್ಲೊಬ್ಬರು ಗೋಕರ್ಣಕ್ಕೆ ಹೊರಟ ಪ್ರವಾಸಿಗೆ ‘ಥಿನ್ ಸ್ಕಿನ್. ವೆರಿ ಸ್ವೀಟ್. ಟುಡೇ ಈಟ್’ ಎಂದದ್ದನ್ನು ನಾನೇ ಕೇಳಿದ್ದೇನೆ. ಸಿಪ್ಪೆ ತೆಳು, ರುಚಿ ಜಾಸ್ತಿ, ಬಹಳ ದಿನ ಇಡಲು ಬರುವುದಿಲ್ಲ. ಆ ಹಣ್ಣಿನ ಬಗ್ಗೆ ಕೊಳ್ಳುವವರಿಗೆ ಗೊತ್ತಿರಬೇಕಾದದ್ದು ಅಷ್ಟೇ.

ಇನ್ನು ಭಯದ ವಿಷಯ. ನಮ್ಮ ಕಡಲದಂಡೆಗೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಠಾಗೋರರು 1883ರಲ್ಲಿ ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಡ್ಜ್. ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐಸಿಎಸ್ ಸೇರಿದ ಮೊದಲ ಭಾರತೀಯರು ಅವರೇ. ಆ ಅಣ್ಣನ ಮಗಳು ಇಂದಿರಾ. 1913ರಲ್ಲಿ ಠಾಗೋರರು ಲಂಡನ್ನಿನಿಂದ ಅವರಿಗೊಂದು ಕಾಗದ ಬರೆದರು. ತನಗೆ ಇಂಗ್ಲಿಷ್ ಬರೆಯಲು ಬಾರದು, ಯಾರಾದರೂ ಚಹಾಕ್ಕೆ ಕರೆದು ಇಂಗ್ಲಿಷಿನಲ್ಲಿ ಚೀಟಿ ಕಳಿಸಿದರೆ ಉತ್ತರಿಸುವ ಧೈರ್ಯವೂ ಇರಲಿಲ್ಲ ಎಂದು ಅದರಲ್ಲಿ ಹೇಳಿಕೊಂಡಿದ್ದಾರೆ. ಅಷ್ಟರಲ್ಲಾಗಲೇ ಗೀತಾಂಜಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು! ಅದೇ ವರ್ಷದ ಕೊನೆಗೆ ನೊಬೆಲ್ ಬಂತು. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ ತಮ್ಮದೇ ಬಂಗಾಳಿ ಕವಿತೆಗಳನ್ನು ಮನಸ್ಸಿನ ಸಂತೋಷಕ್ಕೆಂದು ಒಂದೊಂದಾಗಿ ಇಂಗ್ಲಿಷಿಗೆ ತಂದಿದ್ದರು. ಅಳುಕು ಇದ್ದ ಹಾಗೇ ಇತ್ತು, ಕೆಲಸವೂ ನಡೆಯಿತು.

ನಿಮ್ಮಲ್ಲಿ ಬಹಳ ಜನಕ್ಕೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಂದರಿನಲ್ಲಿ ಹಿಂದಿ, ಮೇಲಿನ ಕಡೆಯ ಬೋಟಿನವರ ಜೊತೆ ಮರಾಠಿ. ಇದನ್ನೆಲ್ಲ ಹೇಗೆ ಕಲಿತಿರಿ? ಕೇಳಿ, ಆಡಿ, ಕೆಲಸ ಮಾಡುತ್ತ. ಈ ತರಗತಿಯಲ್ಲೂ ಅದೇ ದಾರಿ. ತಿಳಿಯದೆ ಹೋದದ್ದನ್ನು ಕನ್ನಡದಲ್ಲೋ ಕೊಂಕಣಿಯಲ್ಲೋ ಕೇಳಿ, ನಾನೂ ಹಾಗೇ ವಿವರಿಸುತ್ತೇನೆ.

ಮೊದಲ ವಾರ ಹವಾಮಾನ ಇಲಾಖೆಯವರು ಮೀನುಗಾರರಿಗೆ ಕೊಡುವ ಎಚ್ಚರಿಕೆ ಓದೋಣ. ಗಾಳಿ ಗಂಟೆಗೆ 45ರಿಂದ 55 ಕಿಲೋಮೀಟರ್ ಎಂದು ಬರೆದು, ಪಕ್ಕದಲ್ಲೇ ‘ಗಸ್ಟಿಂಗ್ ಟು 65’ ಎಂದಿರುತ್ತದೆ. ಆ 65 ನಡುನಡುವೆ ಒಮ್ಮೆಲೇ ನುಗ್ಗುವ ಗಾಳಿಯ ಲೆಕ್ಕ. ಹೊರಡುವುದೋ ಬಿಡುವುದೋ ಎಂಬುದು ಎಷ್ಟೋ ಸಲ ಆ ಎರಡನೆಯ ಅಂಕಿಯ ಮೇಲೆ ನಿಂತಿರುತ್ತದೆ. ಮೀನು ಮಾರುವ ಅಕ್ಕಂದಿರಿಗೆ ಎರಡನೆಯ ವಾರದಿಂದ ಬೇರೆ ಪಾಠ: ತೂಕ, ದರ, ಚಿಲ್ಲರೆ, ಹೋಟೆಲಿನವರ ಫೋನ್ ಆರ್ಡರ್.

ನಾಳೆ ಬರುವಾಗ ಜಿಪಿಎಸ್ ಸೆಟ್ಟಿನ ಜೊತೆ ಬಂದ ಪುಸ್ತಕ ಮನೆಯಲ್ಲಿದ್ದರೆ ತನ್ನಿ. ಎಣ್ಣೆ ಮೆತ್ತಿದ್ದರೂ ಅಡ್ಡಿಯಿಲ್ಲ. ಒಂದನೆಯ ಪುಟದಿಂದಲೇ ಶುರು ಮಾಡೋಣ.