ಸಮುದ್ರದಲ್ಲಿ ಗುಡಿ, ಎಣ್ಣೆ ಡ್ರಮ್ಮಿನಲ್ಲಿ ಸಂಗೀತ

ಕೇಳುಗರೆಲ್ಲರಿಗೂ ನಮಸ್ಕಾರ.

ವೆಸ್ಟ್ ಇಂಡೀಸ್ ಅಂದ ಕೂಡಲೇ ನಮಗೆ ನೆನಪಾಗೋದು ಕ್ರಿಕೆಟ್. ಆಮೇಲೆ ಕಡಲತೀರ, ತೆಂಗಿನಮರ. ಅಲ್ಲಿಗೆ ಮುಗಿಯಿತು! ಇವತ್ತು ಅವೆಲ್ಲವನ್ನೂ ದಯವಿಟ್ಟು ಸ್ವಲ್ಪ ಪಕ್ಕಕ್ಕಿಡಿ. ಕ್ರಿಕೆಟ್ ಬಗ್ಗೆ ಕೊನೆಯಲ್ಲಿ ಸಮಯ ಉಳಿದರೆ ಹೇಳುತ್ತೇನೆ.

ಅಸಲಿಗೆ ವೆಸ್ಟ್ ಇಂಡೀಸ್ ಅಂತ ಒಂದು ದೇಶವೇ ಇಲ್ಲ. ಅಲ್ಲಿ ಇರೋದು ಬೇರೆ ಬೇರೆ ದ್ವೀಪ ದೇಶಗಳು. ಅವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಟ್ರಿನಿಡಾಡ್ ಮತ್ತು ಟೊಬೇಗೊ. ಎರಡು ದ್ವೀಪ ಸೇರಿ ಒಂದು ದೇಶ. ಜನಸಂಖ್ಯೆ ಸುಮಾರು 14 ಲಕ್ಷ. ರಾಜಧಾನಿ ಪೋರ್ಟ್ ಆಫ್ ಸ್ಪೇನ್. ದಕ್ಷಿಣ ಅಮೆರಿಕದ ವೆನೆಜುವೆಲಾ ಅಲ್ಲಿಂದ ಬರೀ 11 ಕಿಲೋಮೀಟರ್ ದೂರ.

ಈ ದೇಶದ ಬಗ್ಗೆ ನಾನು ಹೇಳಬೇಕಾದದ್ದು ಒಂದೇ ಮಾತು. ಇಲ್ಲಿನ ಜನಕ್ಕೆ ಸರ್ಕಾರವೋ ಸಾಹುಕಾರರೋ ಯಾವುದನ್ನು 'ಕೂಡದು' ಅಂದರೋ, ಅದನ್ನೇ ಅವರು ಬೇರೆ ದಾರಿ ಹಿಡಿದು ಮಾಡಿದರು. ಅವರ ಹಾಡು, ಹಬ್ಬ, ಗುಡಿ ಎಲ್ಲದರ ಹಿಂದೆಯೂ ಒಂದು 'ಕೂಡದು' ಇದೆ.

ಇತಿಹಾಸ ಬೇಗ ಹೇಳಿಬಿಡುತ್ತೇನೆ. 1498ರಲ್ಲಿ ಕೊಲಂಬಸ್ ಬಂದ. ಅಲ್ಲಿ ಮೊದಲಿನಿಂದ ಇದ್ದ ಮೂಲನಿವಾಸಿಗಳು ರೋಗಕ್ಕೆ, ದುಡಿತಕ್ಕೆ ಸಿಕ್ಕಿ ಹೆಚ್ಚುಕಡಿಮೆ ಅಳಿದೇಹೋದರು. ಸುಮಾರು ಮುನ್ನೂರು ವರ್ಷ ಸ್ಪೇನಿನ ಆಳ್ವಿಕೆ. 1797ರಲ್ಲಿ ಇಂಗ್ಲಿಷರು ಹಿಡಿದರು. ಕಬ್ಬಿನ ತೋಟಗಳಲ್ಲಿ ದುಡಿಯೋದಕ್ಕೆ ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಗುಲಾಮರನ್ನಾಗಿ ಮಾಡಿದ್ದರು. 1834ರಲ್ಲಿ ಗುಲಾಮಗಿರಿ ರದ್ದಾಯಿತು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಬಿಡುಗಡೆಯಾದವರಲ್ಲಿ ಎಷ್ಟೋ ಜನ ಕಬ್ಬಿನ ಗದ್ದೆ ಕಡೆ ತಿರುಗಿಯೂ ನೋಡಲಿಲ್ಲ. ಯಾಕೆ ನೋಡಬೇಕು, ಅಲ್ವಾ?

ಆಗ ತೋಟದ ಮಾಲೀಕರ ಕಣ್ಣು ಬಿದ್ದದ್ದು ನಮ್ಮ ದೇಶದ ಮೇಲೆ. 1845ರ ಮೇ 30ರಂದು ಫತೇಲ್ ರಜಾಕ್ ಅನ್ನುವ ಹಡಗು ಕಲ್ಕತ್ತದಿಂದ ಸುಮಾರು 225 ಜನರನ್ನು ಹೊತ್ತು ಅಲ್ಲಿಗೆ ತಲುಪಿತು. 1917ರವರೆಗೆ ಹೀಗೆ ಹೋದವರು ಸುಮಾರು 1,44,000. ಹೆಚ್ಚಿನವರು ಈಗಿನ ಬಿಹಾರ, ಉತ್ತರ ಪ್ರದೇಶದ ಕಡೆಯವರು. ಮದ್ರಾಸಿನಿಂದಲೂ ಹಡಗು ಹೋದವು. ಐದು ವರ್ಷದ ಕರಾರು. ತೋಟ ಬಿಟ್ಟು ಆಚೆ ಹೋಗಬೇಕಾದರೆ ಕೈಯಲ್ಲಿ ಚೀಟಿ ಇರಬೇಕು, ಇಲ್ಲದಿದ್ದರೆ ಜೈಲು. ಕರಾರು ಮುಗಿದ ಮೇಲೂ ಬಹುಪಾಲು ಜನ ಅಲ್ಲೇ ಉಳಿದರು. ಇವತ್ತು ಆ ದೇಶದಲ್ಲಿ ನೂರಕ್ಕೆ ಸುಮಾರು 35 ಜನ ಭಾರತೀಯ ಮೂಲದವರು. ಆಫ್ರಿಕನ್ ಮೂಲದವರೂ ಹೆಚ್ಚುಕಡಿಮೆ ಅಷ್ಟೇ. ಆ ಹಡಗು ತಲುಪಿದ ಮೇ 30 ಅಲ್ಲಿ ಸರ್ಕಾರಿ ರಜೆ.

ಭಾರತದಿಂದ ಹೋದವರು ಜೊತೆಗೆ ತಂದ ಹಬ್ಬಗಳಲ್ಲಿ ಮೊಹರಂ ಒಂದು. ಅಲ್ಲಿ ಅದಕ್ಕೆ ಹೊಸೇ ಅನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳ ಅಲಾಯಿ ಹಬ್ಬದ ಹಾಗೆ ಅದರಲ್ಲೂ ಎಲ್ಲ ಜಾತಿ ಮತದವರು ಸೇರುತ್ತಿದ್ದರು. 1884ರಲ್ಲಿ ಮೆರವಣಿಗೆ ಊರೊಳಗೆ ಬರಕೂಡದು ಅಂತ ಸರ್ಕಾರ ಆಜ್ಞೆ ಮಾಡಿತು. ಜನ ಬಂದೇ ಬಂದರು. ಸ್ಯಾನ್ ಫರ್ನಾಂಡೊ ಊರಿನ ಹತ್ತಿರ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಹೊಸೇ ಇವತ್ತಿಗೂ ನಡೆಯುತ್ತಿದೆ.

ಈಗ ನನ್ನ ಮೆಚ್ಚಿನ ಕಥೆ. ನೀವು ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಸಿವದಾಸ್ ಸಾಧು ಅಂತ ಒಬ್ಬ ಕೂಲಿಕಾರ. ಚಿಕ್ಕ ಹುಡುಗನಾಗಿದ್ದಾಗ ತಂದೆ ತಾಯಿ ಜೊತೆ ಭಾರತದಿಂದ ಹಡಗಿನಲ್ಲಿ ಬಂದವನು. ವಾಟರ್‌ಲೂ ಅನ್ನುವ ಹಳ್ಳಿಯಲ್ಲಿ ಕಬ್ಬಿನ ಕೆಲಸ. ತನ್ನದೇ ಒಂದು ಗುಡಿ ಕಟ್ಟಬೇಕು ಅನ್ನೋದು ಅವನ ಆಸೆ. 1947ರಲ್ಲಿ ಸಮುದ್ರದ ದಂಡೆಯಲ್ಲಿ ಒಂದು ಸಣ್ಣ ಗುಡಿ ಕಟ್ಟಿದ. ಜನ ಬಂದು ಪೂಜೆ ಮಾಡತೊಡಗಿದರು. ಆದರೆ ಆ ಜಾಗ ಸಕ್ಕರೆ ಕಂಪನಿಯದು. ಗುಡಿ ತೆಗೆ ಅಂದರು. ಇವನು ತೆಗೆಯಲಿಲ್ಲ. ಕೋರ್ಟಿಗೆ ಎಳೆದರು. 14 ದಿನ ಜೈಲು, ಮೇಲೆ ದಂಡ. 1952ರಲ್ಲಿ ಗುಡಿಯನ್ನು ನೆಲಸಮ ಮಾಡಿದರು.

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಮನವಿ ಪತ್ರ ಬರೆದು ಸುಮ್ನೆ ಕೂರುತ್ತಿದ್ದೆವು. ಸಾಧು ಹಾಗೆ ಕೂರಲಿಲ್ಲ. ನೆಲ ಕಂಪನಿಯದು ಸರಿ, ಸಮುದ್ರ ಯಾರದು? ಯಾರದೂ ಅಲ್ಲ. ಹಾಗಾದರೆ ಸಮುದ್ರದಲ್ಲೇ ಕಟ್ಟುತ್ತೇನೆ ಅಂದ.

ಹಳೇ ಸೈಕಲ್ಲು, ಹಿಂದೆ ಕ್ಯಾರಿಯರ್, ಎರಡು ಬಕೆಟ್. ಇಷ್ಟೇ ಅವನ ಸಾಮಾನು. ನೀರು ಇಳಿದ ಹೊತ್ತು ನೋಡಿಕೊಂಡು ಕಲ್ಲು, ಮರಳು, ಸಿಮೆಂಟು ಹೊತ್ತು ಕೆಸರಿನಲ್ಲಿ ತುಳಿಯುತ್ತಾ ಒಳಗೆ ಹೋಗಿ ಸುರಿಯುವುದು. ದಂಡೆಯಿಂದ ಸುಮಾರು 500 ಅಡಿ ಒಳಗೆ! ನೀರು ಏರಿದರೆ ಕೆಲಸ ಬಂದ್. ಮಾರನೇ ದಿನ ಮತ್ತೆ ಅದೇ. ಊರವರು ನಕ್ಕರು. ತಲೆ ಕೆಟ್ಟಿದೆ ಅಂದರು. ಅವನು ವರ್ಷಗಟ್ಟಲೆ ಅದನ್ನೇ ಮಾಡಿದ. ಪೂರ್ತಿಯಾಗುವ ಮೊದಲೇ ತೀರಿಕೊಂಡ. ಭಾರತೀಯರು ಬಂದು 150 ವರ್ಷವಾದ ನೆನಪಿಗೆ, 1995ರಲ್ಲಿ ಸರ್ಕಾರವೇ ಆ ಗುಡಿಯನ್ನು ಚೆನ್ನಾಗಿ ಕಟ್ಟಿಸಿಕೊಟ್ಟಿತು. ಕೂಡದು ಅಂದಿದ್ದು ಕಂಪನಿ, ಕಟ್ಟಿಸಿದ್ದು ಸರ್ಕಾರ. ಈಗ ಅದು ದೊಡ್ಡ ಪ್ರವಾಸಿ ತಾಣ.

ಈ ಕಥೆಗೇ ಅರ್ಧ ಸಮಯ ಹೋಯಿತು. ಹೋಗಲಿ ಬಿಡಿ. ಇಸವಿಗಳು ಯಾವ ಪುಸ್ತಕದಲ್ಲಾದರೂ ಸಿಗುತ್ತವೆ.

ಆಫ್ರಿಕನ್ ಮೂಲದವರದೂ ಇದೇ ಕಥೆ. ಅವರ ಕಾರ್ನಿವಲ್ ಹಬ್ಬಕ್ಕೆ ಚರ್ಮದ ಡೋಲು ಬೇಕೇ ಬೇಕು. 1881ರಲ್ಲಿ ಹಬ್ಬದ ಹೊತ್ತಿಗೆ ಪೊಲೀಸರಿಗೂ ಜನಕ್ಕೂ ಹೊಡೆದಾಟವಾಯಿತು. ಅದಾದ ಮೇಲೆ ಡೋಲು ಬಾರಿಸಕೂಡದು ಅಂತ ಕಾನೂನು ಬಂತು. ಜನ ಬಿದಿರು ಕಡಿದು, ನೆಲಕ್ಕೆ ಕುಟ್ಟಿ ತಾಳ ಹಾಕಿದರು. 1930ರ ದಶಕಕ್ಕೆ ಬಿಸ್ಕತ್ ಡಬ್ಬಿ, ಕಸದ ಡಬ್ಬಿ, ಕೈಗೆ ಸಿಕ್ಕಿದ ತಗಡೆಲ್ಲ ವಾದ್ಯವಾಯಿತು. ಆಮೇಲೆ ಬಂತು ಎಣ್ಣೆ ಡ್ರಮ್ಮು.

ಡ್ರಮ್ಮಿಗೇನು ಬರ? ಆ ನೆಲದ ಕೆಳಗೆ ಇರುವುದೆಲ್ಲ ಎಣ್ಣೆ. 200 ಲೀಟರಿನ ಖಾಲಿ ಡ್ರಮ್ಮನ್ನು ಬೋರಲು ಹಾಕಿ, ಅದರ ತಳವನ್ನು ದಪ್ಪ ಸುತ್ತಿಗೆಯಲ್ಲಿ ಬಡಿದು ಬಡಿದು ಬಾಣಲೆಯ ಹಾಗೆ ತಗ್ಗು ಮಾಡುತ್ತಾರೆ. ಅದರೊಳಗೆ ಒಂದೊಂದು ಸ್ವರಕ್ಕೆ ಒಂದೊಂದು ಜಾಗ ಗುರುತು ಮಾಡಿ, ಸುತ್ತ ಉಳಿಯಿಂದ ಗೆರೆ ಹೊಡೆಯುತ್ತಾರೆ. ಬೆಂಕಿಯಲ್ಲಿ ಕಾಯಿಸುತ್ತಾರೆ. ಆಮೇಲೆ ಸಣ್ಣ ಸುತ್ತಿಗೆ ಹಿಡಿದು ಶ್ರುತಿ ಮಾಡುವುದು. ಇದಕ್ಕೆ ಕಿವಿ ಬೇಕು, ತಾಳ್ಮೆ ಬೇಕು. ಬಾರಿಸೋದು ರಬ್ಬರ್ ಸುತ್ತಿದ ಕೋಲಿನಿಂದ. ಇದೇ ಸ್ಟೀಲ್ ಪ್ಯಾನ್. ಇದನ್ನು ಮೊದಲು ಮಾಡಿದವನು ವಿನ್‌ಸ್ಟನ್ ಸೈಮನ್ ಅನ್ನುತ್ತದೆ ಒಂದು ಗುಂಪು, ಎಲ್ಲೀ ಮ್ಯಾನೆಟ್ ಅನ್ನುತ್ತದೆ ಇನ್ನೊಂದು ಗುಂಪು. ಆ ಜಗಳ ಮುಗಿಯುವಂಥದ್ದಲ್ಲ.

ಆಗ ಮರ್ಯಾದಸ್ಥರು ತಮ್ಮ ಮಕ್ಕಳನ್ನು ಪ್ಯಾನ್ ಬಾರಿಸುವವರ ಹತ್ತಿರವೂ ಬಿಡುತ್ತಿರಲಿಲ್ಲ. ಪುಂಡರ ಸಹವಾಸ ಅಂತ. 1951ರಲ್ಲಿ ಅದೇ ಪ್ಯಾನ್ ತಂಡವೊಂದು ಲಂಡನ್ನಿಗೆ ಹೋಗಿ ಬಾರಿಸಿ ಬಂತು. 1992ರಲ್ಲಿ ಅದು ರಾಷ್ಟ್ರೀಯ ವಾದ್ಯವಾಯಿತು!

ಇನ್ನು ದುಡ್ಡಿನ ವಿಷಯ. ಈ ದೇಶ ಪ್ರವಾಸಿಗರನ್ನು ನಂಬಿ ಬದುಕುತ್ತಿದೆ ಅಂದುಕೊಂಡಿದ್ದರೆ ಅದು ತಪ್ಪು. ಅದರ ಬದುಕು ಎಣ್ಣೆ ಮತ್ತು ಅನಿಲ. ಲಾ ಬ್ರೇ ಅನ್ನುವಲ್ಲಿ ಸುಮಾರು 100 ಎಕರೆಯ ಡಾಂಬರಿನ ಕೆರೆಯೇ ಇದೆ. ಮೇಲೆ ನಡೆದಾಡಬಹುದು. 1595ರಲ್ಲಿ ಇಂಗ್ಲಿಷ್ ನಾವಿಕ ವಾಲ್ಟರ್ ರಾಲೆ ತನ್ನ ಹಡಗಿನ ಬಿರುಕಿಗೆ ಅದನ್ನೇ ಮೆತ್ತಿಸಿದ್ದ. ಅನಿಲದಿಂದ ಅಮೋನಿಯಾ, ಮೆಥನಾಲ್ ಮಾಡಿ ಹೊರದೇಶಗಳಿಗೆ ಮಾರುತ್ತಾರೆ. 1999ರಿಂದ ಅನಿಲವನ್ನೇ ದ್ರವ ಮಾಡಿ ಹಡಗಿಗೆ ತುಂಬುತ್ತಿದ್ದಾರೆ. ಆದರೆ ಬಾವಿಗಳು ಬತ್ತುತ್ತಿವೆ. ದೊಡ್ಡ ಎಣ್ಣೆ ಶುದ್ಧೀಕರಣ ಘಟಕ 2018ರಲ್ಲಿ ಮುಚ್ಚಿತು. ನಮ್ಮವರನ್ನು ಅಲ್ಲಿಗೆ ಕರೆಸಿದ ಆ ಸಕ್ಕರೆ ಇದೆಯಲ್ಲ, ಅದರ ಸರ್ಕಾರಿ ಕಂಪನಿ 2003ರಲ್ಲೇ ಬಾಗಿಲು ಹಾಕಿತು.

ಸ್ವಾತಂತ್ರ್ಯ ಬಂದದ್ದು 1962ರ ಆಗಸ್ಟ್ 31ಕ್ಕೆ. ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್, ಸ್ವತಃ ಇತಿಹಾಸಕಾರ. ಊಟದ ಬಗ್ಗೆ ಹೇಳಲು ಹೊತ್ತಿಲ್ಲ. ಬೀದಿಬದಿಯಲ್ಲಿ 'ಡಬಲ್ಸ್' ಸಿಗುತ್ತದೆ, ಎರಡು ಮೆತ್ತನೆ ಬಾರಾ, ಅಂದರೆ ಕರಿದ ರೊಟ್ಟಿ, ನಡುವೆ ಕಡಲೆ ಪಲ್ಯ. ಆಫ್ರಿಕನ್ ಮೂಲದವರು, ಭಾರತೀಯ ಮೂಲದವರು ಎಲ್ಲರೂ ಬೆಳಿಗ್ಗೆ ನಿಂತುಕೊಂಡೇ ತಿನ್ನುತ್ತಾರೆ.

ಮಾತು ಕೊಟ್ಟಿದ್ದೆ, ಕ್ರಿಕೆಟ್. 1976ರ ಏಪ್ರಿಲ್, ಪೋರ್ಟ್ ಆಫ್ ಸ್ಪೇನಿನ ಮೈದಾನ, ಭಾರತ ಮತ್ತು ವೆಸ್ಟ್ ಇಂಡೀಸ್ ನಡುವೆ ಟೆಸ್ಟ್ ಪಂದ್ಯ. ಮೊದಲ ಇನ್ನಿಂಗ್ಸಿನಲ್ಲಿ ನಮ್ಮ ಚಂದ್ರಶೇಖರ್ ಆರು ವಿಕೆಟ್ ಕಿತ್ತರು. ಕೊನೆಗೆ ಗೆಲ್ಲಲು ಬೇಕಿದ್ದದ್ದು 403. ಗವಾಸ್ಕರ್ 102, ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಔಟಾಗದೆ 49. ಭಾರತ ಗೆದ್ದೇಬಿಟ್ಟಿತು. ಇದು ನಿಮಗೆ ಗೊತ್ತಿರಬಹುದು. ಆದರೆ ವಿಶ್ವನಾಥ್‌ಗೆ ಎದುರು ಬೌಲ್ ಮಾಡಿದ ವೆಸ್ಟ್ ಇಂಡೀಸ್ ಸ್ಪಿನ್ನರುಗಳಲ್ಲಿ ಇಬ್ಬರು ರಫೀಕ್ ಜುಮಾದೀನ್, ಇಮ್ತಿಯಾಜ್ ಅಲಿ. ಇಬ್ಬರೂ ಟ್ರಿನಿಡಾಡಿನವರೇ, ಇಬ್ಬರೂ ಭಾರತೀಯ ಮೂಲದವರೇ.

ನಮಸ್ಕಾರ.