ಜೆರಾಕ್ಸ್‌ಗೇ 10 ಲಕ್ಷ ಪೌಂಡ್! ಕಟ್ಟಡದ ಜಗಳಗಳಲ್ಲಿ ಬ್ಯಾರಿಸ್ಟರ್ ನಿಜಕ್ಕೂ ಏನು ಮಾಡುತ್ತಾರೆ?

[ಪರದೆ: ವೆಂಬ್ಲಿ ಸ್ಟೇಡಿಯಂ, ಮೇಲಿನ ಬಿಳಿ ಕಮಾನು]

ನಮಸ್ಕಾರ ಎಲ್ಲರಿಗೂ. ಒಂದು ಕೇಸಿಗೆ ಬರೀ ಜೆರಾಕ್ಸ್ ಮಾಡಿಸೋದಕ್ಕೇ 10 ಲಕ್ಷ ಪೌಂಡ್ ಖರ್ಚಾಗಿತ್ತು ಅಂದರೆ ನಂಬುತ್ತೀರಾ? ನಂಬಲೇಬೇಕು, ತೀರ್ಪಿನಲ್ಲೇ ಇದೆ.

ಲಂಡನ್ನಿನ ಈ ಸ್ಟೇಡಿಯಂ ಕಟ್ಟುವ ಗುತ್ತಿಗೆ ಸಿಕ್ಕಿದ್ದು ಆಸ್ಟ್ರೇಲಿಯಾ ಮೂಲದ ಮಲ್ಟಿಪ್ಲೆಕ್ಸ್ ಕಂಪನಿಗೆ. 133 ಮೀಟರ್ ಎತ್ತರದ ಆ ಕಮಾನು ಸೇರಿದಂತೆ ಉಕ್ಕಿನ ಕೆಲಸವನ್ನು ಅವರು ಕ್ಲೀವ್‌ಲ್ಯಾಂಡ್ ಬ್ರಿಜ್ ಎಂಬ ಸಬ್ ಕಾಂಟ್ರಾಕ್ಟರ್‌ಗೆ ವಹಿಸಿದರು. ಡ್ರಾಯಿಂಗ್ ಬದಲಾಯಿತು, ಕೆಲಸ ತಡವಾಯಿತು, ದುಡ್ಡಿಗೆ ಜಗಳ ಶುರುವಾಯಿತು. 2004ರಲ್ಲಿ ಕ್ಲೀವ್‌ಲ್ಯಾಂಡ್ ಬ್ರಿಜ್ ಸೈಟು ಬಿಟ್ಟು ಹೊರಟಿತು. 2006ರ ಎಫ್‌ಎ ಕಪ್ ಫುಟ್‌ಬಾಲ್ ಫೈನಲ್ ಇಲ್ಲಿ ನಡೆಯಬೇಕಿತ್ತು, ಸ್ಟೇಡಿಯಂ ಮುಗಿದಿರಲಿಲ್ಲ, ಮ್ಯಾಚ್ ಕಾರ್ಡಿಫ್‌ಗೆ ಹೋಯಿತು.

ಕೋರ್ಟಿನಲ್ಲಿ ಜಗಳ 2008ರವರೆಗೂ ಎಳೆಯಿತು. ಎರಡೂ ಕಡೆಯ ಖರ್ಚು ಸೇರಿ ಸುಮಾರು 2.2 ಕೋಟಿ ಪೌಂಡ್. ಕೊನೆಗೆ ಮಲ್ಟಿಪ್ಲೆಕ್ಸ್ ಕೈಗೆ ಬಂದ ತೀರ್ಪು ಸುಮಾರು 60 ಲಕ್ಷದ್ದು! ಜಡ್ಜ್ ರೂಪರ್ಟ್ ಜ್ಯಾಕ್ಸನ್ ಮುಖ್ಯ ಪ್ರಶ್ನೆಗಳಿಗೆ 2006ರಲ್ಲೇ ಉತ್ತರ ಕೊಟ್ಟಿದ್ದರು, ಇನ್ನಾದರೂ ಕೂತು ಮಾತಾಡಿಕೊಳ್ಳಲಿ ಅಂತ. ಯಾರೂ ಬಗ್ಗಲಿಲ್ಲ. ಇಂಗ್ಲೆಂಡಿನ ಸಿವಿಲ್ ಕೇಸುಗಳ ಖರ್ಚು ಇಳಿಸುವ ದಾರಿ ಹುಡುಕಿ ವರದಿ ಬರೆಯುವ ಕೆಲಸ ಮುಂದೆ ಇದೇ ಜ್ಯಾಕ್ಸನ್ ಅವರ ಹೆಗಲಿಗೇ ಬಿತ್ತು.

ಈ ಕೇಸು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಬ್ಯಾರಿಸ್ಟರ್ ಅಂದ ಕೂಡಲೇ ನಮ್ಮ ತಲೆಗೆ ಬರೋದು ವಿಗ್ಗು, ಕಪ್ಪು ಗೌನು, ಗುಡುಗುವ ಮಾತು. ಕಟ್ಟಡದ ಕೇಸುಗಳಲ್ಲಿ ಮಾತು ಕೊನೆಗೆ ಬರುತ್ತದೆ. ಅದಕ್ಕೂ ಮೊದಲಿನ ತಿಂಗಳುಗಳು, ಕೆಲವೊಮ್ಮೆ ವರ್ಷಗಳು, ಸೈಟ್ ಡೈರಿ, ಮೀಟಿಂಗ್ ಮಿನಿಟ್ಸ್, ಇಮೇಲ್, ಕಾಂಕ್ರೀಟ್ ಟೆಸ್ಟ್ ರಿಪೋರ್ಟ್ ಓದುವುದರಲ್ಲೇ ಹೋಗುತ್ತವೆ. ಓದೋಕೆ ಬೇಜಾರು ಅನ್ನುವವರಿಗೆ ಈ ಕೆಲಸ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

[ಪರದೆ: ಲಂಡನ್, ಗ್ರೇಸ್ ಇನ್ ಅಂಗಳ]

ಈಗ ಅಲ್ಲಿನ ವ್ಯವಸ್ಥೆ. ನಮ್ಮಲ್ಲಿ ಒಬ್ಬರೇ ವಕೀಲರು ಕಕ್ಷಿದಾರರ ಹತ್ತಿರ ಮಾತಾಡುತ್ತಾರೆ, ನೋಟಿಸ್ ಬರೆಯುತ್ತಾರೆ, ಕೋರ್ಟಿನಲ್ಲೂ ನಿಲ್ಲುತ್ತಾರೆ. ಇಂಗ್ಲೆಂಡಿನಲ್ಲಿ ಇದನ್ನು ಇಬ್ಬರು ಹಂಚಿಕೊಂಡಿದ್ದಾರೆ. ಸಾಲಿಸಿಟರ್ ಕಕ್ಷಿದಾರರ ಜೊತೆಗಿದ್ದು ಕೇಸು ನಡೆಸುತ್ತಾರೆ. ಕಾನೂನು ಅಭಿಪ್ರಾಯ ಬೇಕಾದಾಗ, ವಾದಪತ್ರ ಬರೆಯಬೇಕಾದಾಗ, ವಾದ ಮಾಡಬೇಕಾದಾಗ ಅವರು ಬ್ಯಾರಿಸ್ಟರ್‌ನ ಕರೆಯುತ್ತಾರೆ. ಬ್ಯಾರಿಸ್ಟರ್ ಆಗಬೇಕಾದರೆ ನಾಲ್ಕು ಇನ್‌ಗಳಲ್ಲಿ, ಅಂದರೆ ಬ್ಯಾರಿಸ್ಟರ್‌ಗಳ ಹಳೆಯ ಸಂಘಗಳಲ್ಲಿ, ಒಂದಕ್ಕೆ ಸೇರಬೇಕು: ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಗ್ರೇಸ್ ಇನ್. ಗಾಂಧೀಜಿ ಇನ್ನರ್ ಟೆಂಪಲ್‌ನವರು, ಅಂಬೇಡ್ಕರ್ ಗ್ರೇಸ್ ಇನ್‌ನವರು. ಬಾರ್ ಕೋರ್ಸ್ ಮುಗಿಸಿ, ಆಮೇಲೆ ಒಂದು ವರ್ಷ ಪ್ಯೂಪಿಲೇಜ್, ಅಂದರೆ ಹಿರಿಯ ಬ್ಯಾರಿಸ್ಟರ್ ಕೈಕೆಳಗೆ ಕಲಿಯೋದು. ಮೊದಲ ಆರು ತಿಂಗಳು ನೋಡುವುದು, ಓದುವುದು, ಅವರಿಗೆ ಕರಡು ಬರೆದುಕೊಡುವುದು. ಮುಂದಿನ ಆರು ತಿಂಗಳು ಸಣ್ಣಪುಟ್ಟ ಕೇಸು ಸ್ವಂತವಾಗಿ ಹಿಡಿಯಬಹುದು. ಕೊನೆಗೆ ಚೇಂಬರ್‌ನವರು ಓಟು ಹಾಕಿ ಸೇರಿಸಿಕೊಂಡರೆ ಉಂಟು, ಇಲ್ಲದಿದ್ದರೆ ಬೇರೆ ಬಾಗಿಲು ತಟ್ಟಬೇಕು.

ಚೇಂಬರ್ ಅಂದರೆ ಕಂಪನಿ ಅಲ್ಲ. ಒಳಗಿರುವ ಪ್ರತಿಯೊಬ್ಬರದ್ದೂ ಸ್ವಂತ ವ್ಯವಹಾರ. ಬಾಡಿಗೆ, ಸಿಬ್ಬಂದಿ ಖರ್ಚು ಹಂಚಿಕೊಳ್ಳುತ್ತಾರೆ ಅಷ್ಟೇ. ಸಂಬಳ ಇಲ್ಲ, ಪೆನ್ಷನ್ ಇಲ್ಲ, ಇವತ್ತು ಮಾಡಿದ ಕೆಲಸದ ದುಡ್ಡು ಎಷ್ಟೋ ತಿಂಗಳ ನಂತರ ಬರಬಹುದು. ಯಾವ ಕೇಸು ಯಾರಿಗೆ, ಫೀಸು ಎಷ್ಟು, ಇದನ್ನೆಲ್ಲ ನೋಡಿಕೊಳ್ಳುವವರು ಕ್ಲರ್ಕ್‌ಗಳು. ಹೆಸರು ಕೇಳಿ ಗುಮಾಸ್ತ ಅಂದುಕೊಳ್ಳಬೇಡಿ. ಹೊಸ ಬ್ಯಾರಿಸ್ಟರ್‌ನ ಹಣೆಬರಹ ಬಹಳ ಮಟ್ಟಿಗೆ ಸೀನಿಯರ್ ಕ್ಲರ್ಕ್ ಕೈಯಲ್ಲೇ ಇರುತ್ತದೆ.

ಕಟ್ಟಡದ ಕೇಸುಗಳಿಗೇ ಹೆಸರಾದ ಚೇಂಬರ್‌ಗಳಲ್ಲಿ ದೊಡ್ಡ ಎರಡು ಹೆಸರು ಕೀಟಿಂಗ್ ಮತ್ತು ಆಟ್ಕಿನ್. ಕೇಸು ನಡೆಯೋದು ಟಿಸಿಸಿಯಲ್ಲಿ, ಅಂದರೆ ಟೆಕ್ನಾಲಜಿ ಅಂಡ್ ಕನ್‌ಸ್ಟ್ರಕ್ಷನ್ ಕೋರ್ಟ್. ಫೆಟರ್ ಲೇನ್‌ನ ರೋಲ್ಸ್ ಬಿಲ್ಡಿಂಗ್‌ನಲ್ಲಿದೆ. 1998ಕ್ಕೆ ಮುಂಚೆ ಇಲ್ಲಿನ ಜಡ್ಜ್‌ಗಳನ್ನು ಅಫಿಷಿಯಲ್ ರೆಫರೀ ಅಂತ ಕರೆಯುತ್ತಿದ್ದರು. ಅವರಲ್ಲೊಬ್ಬರಾದ ಸ್ಕಾಟ್ ಅನ್ನುವವರು, ನೂರಾರು ದೋಷಗಳ ಪಟ್ಟಿಯನ್ನು ಒಂದೇ ಕೋಷ್ಟಕದಲ್ಲಿ ಇಟ್ಟು, ಪಕ್ಕದಲ್ಲಿ ಅವನ ಮಾತು, ಇವನ ಮಾತು, ಕೊನೆಯ ಕಾಲಂನಲ್ಲಿ ಜಡ್ಜ್ ತೀರ್ಮಾನ ಬರೆಯುವ ಪದ್ಧತಿ ತಂದರು. ಸ್ಕಾಟ್ ಶೆಡ್ಯೂಲ್ ಅನ್ನುವ ಆ ಕೋಷ್ಟಕ ಇವತ್ತಿಗೂ ನಡೆಯುತ್ತಿದೆ.

[ಪರದೆ: ಕ್ಯಾಲೆಂಡರ್, 28 ದಿನ]

ಕಿರಿಯ ಬ್ಯಾರಿಸ್ಟರ್‌ಗಳಿಗೆ ಮೊದಮೊದಲು ಕೈಗೆ ಸಿಗುವ ಕೆಲಸ ಅಡ್ಜುಡಿಕೇಷನ್, ಅಂದರೆ ಕೋರ್ಟಿನ ಹೊರಗೆ ಅಡ್ಜುಡಿಕೇಟರ್ ಎಂಬ ಒಬ್ಬ ತೀರ್ಪುಗಾರರು ಬೇಗ ತೀರ್ಮಾನ ಹೇಳುವ ಪದ್ಧತಿ. ನಮ್ಮ ಕಂಟ್ರಾಕ್ಟರ್‌ಗಳು ಹೊಟ್ಟೆಕಿಚ್ಚು ಪಡಬೇಕಾದ ಕಾನೂನು ಇದು. ಬಿಲ್ ಹಣ ಹಿಡಿದಿಟ್ಟು ಸತಾಯಿಸೋದು ಬ್ರಿಟನ್ನಿನಲ್ಲೂ ಇತ್ತು. ಸಣ್ಣ ಸಬ್ ಕಾಂಟ್ರಾಕ್ಟರ್ ಕೋರ್ಟಿಗೆ ಹೋಗಿ ಗೆಲ್ಲುವಷ್ಟರಲ್ಲಿ ಮುಳುಗಿಯೇ ಹೋಗುತ್ತಿದ್ದ. 1994ರಲ್ಲಿ ಮಾಜಿ ಸಂಸದ ಮೈಕಲ್ ಲೇಥಮ್ ಈ ಬಗ್ಗೆ ವರದಿ ಕೊಟ್ಟರು, 1996ರಲ್ಲಿ ಕಾನೂನು ಬಂತು, 1998ರ ಮೇ 1ರಿಂದ ಜಾರಿ. ಅದರ ಪ್ರಕಾರ ಜಗಳ ಅಡ್ಜುಡಿಕೇಟರ್ ಮುಂದೆ ಬಂದ 28 ದಿನದಲ್ಲಿ ತೀರ್ಮಾನ ಹೇಳಬೇಕು. ತೀರ್ಮಾನ ತಪ್ಪು ಅನ್ನಿಸಿದರೂ ಮೊದಲು ದುಡ್ಡು ಕೊಡಬೇಕು, ಆಮೇಲೆ ಕೋರ್ಟಿಗೋ ಆರ್ಬಿಟ್ರೇಷನ್‌ಗೋ (ಎರಡೂ ಕಡೆಯವರು ಒಪ್ಪಿಕೊಂಡ ಖಾಸಗಿ ತೀರ್ಪುಗಾರರ ಮುಂದೆ) ಹೋಗಿ ವಾದ ಮಾಡಿಕೊಳ್ಳಬಹುದು. 1999ರಲ್ಲಿ ಮೇಕಾಬ್ ಕೇಸಿನಲ್ಲಿ ಜಡ್ಜ್ ಡೈಸನ್ ಇದನ್ನು ಗಟ್ಟಿಯಾಗಿ ಎತ್ತಿ ಹಿಡಿದರು. ಅವತ್ತಿನಿಂದ ಈ ಕೆಲಸದ ವೇಗವೇ ಬದಲಾಯಿತು. ಶುಕ್ರವಾರ ಸಂಜೆ ಫೈಲು ಬರುತ್ತದೆ, ಸೋಮವಾರ ಉತ್ತರ ಹೋಗಬೇಕು, ಮಧ್ಯದ ಎರಡು ದಿನ ಏನಾಗುತ್ತದೆ ಅಂತ ನೀವೇ ಊಹಿಸಿ.

ಜಗಳಗಳ ವಿಷಯಕ್ಕೆ ಬಂದರೆ, ಬಹಳಷ್ಟು ತಡದ ಬಗ್ಗೆಯೇ. ಯಾರಿಂದ ತಡವಾಯಿತು? ನಮ್ಮ ಮನೆ ಕಟ್ಟುವಾಗಿನ ಜಗಳವನ್ನೇ ತೆಗೆದುಕೊಳ್ಳಿ: ಟೈಲ್ಸ್ ಆರಿಸಲು ಮಾಲೀಕರು ಒಂದು ತಿಂಗಳು ತಗೊಂಡರು, ಅದೇ ತಿಂಗಳು ಪ್ಲಂಬರ್ ಊರಿಗೆ ಹೋಗಿದ್ದ. ಕೆಲಸ ಒಂದು ತಿಂಗಳು ನಿಂತಿತು. ತಪ್ಪು ಯಾರದು? ಇಂಗ್ಲೆಂಡಿನಲ್ಲಿ ಇದಕ್ಕೆ 1999ರ ಮಾಲ್‌ಮೇಸನ್ ಕೇಸಿನ ಉತ್ತರ: ಇಬ್ಬರ ತಡವೂ ಒಟ್ಟಿಗೇ ಬಿದ್ದಿದ್ದರೆ ಗುತ್ತಿಗೆದಾರನಿಗೆ ಸಮಯ ಕೊಡಬೇಕು, ಅಂದರೆ ಅವನಿಗೆ ದಂಡ ಬೀಳಲ್ಲ. ಆದರೆ ತಡದಿಂದಾದ ಅವನ ಖರ್ಚೂ ಸಾಮಾನ್ಯವಾಗಿ ಅವನಿಗೆ ಸಿಗಲ್ಲ. ಪಕ್ಕದ ಸ್ಕಾಟ್ಲೆಂಡ್‌ನಲ್ಲಿ 2010ರಲ್ಲಿ ಬೇರೆ ದಾರಿ ಹಿಡಿದರು, ತಡವನ್ನು ಇಬ್ಬರಿಗೂ ಪಾಲು ಹಾಕಬಹುದು ಅಂತ.

ಕೇಳೋಕೆ ಸುಲಭ. ಆದರೆ ಐದು ವರ್ಷದ ಪ್ರಾಜೆಕ್ಟಿನಲ್ಲಿ ಸಾವಿರಾರು ಕೆಲಸಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಯಾವುದು ತಡವಾದರೆ ಇಡೀ ಪ್ರಾಜೆಕ್ಟೇ ತಡವಾಗುತ್ತದೋ ಆ ಸರಣಿಗೆ ಕ್ರಿಟಿಕಲ್ ಪಾತ್ ಅನ್ನುತ್ತಾರೆ. ಎರಡೂ ಕಡೆಯ ಡಿಲೇ ಎಕ್ಸ್‌ಪರ್ಟ್‌ಗಳು ಕೆಲಸದ ವೇಳಾಪಟ್ಟಿ ಹಾಕುವ ಪ್ರೈಮವೇರಾ ಸಾಫ್ಟ್‌ವೇರಿನ ಅದೇ ಫೈಲು ಇಟ್ಟುಕೊಂಡು ಎರಡು ಬೇರೆ ಕಥೆ ಹೇಳುತ್ತಾರೆ. ಅವರನ್ನು ಪಾಟೀಸವಾಲಿನಲ್ಲಿ ಅಲ್ಲಾಡಿಸೋದೇ ಒಳ್ಳೆಯ ಬ್ಯಾರಿಸ್ಟರ್‌ನ ಅಸಲಿ ಕಸುಬು. ಕೂಗಾಡಿ ಆಗುವ ಕೆಲಸ ಅಲ್ಲ ಅದು. ನಿಮ್ಮ ಚಾರ್ಟಿನಲ್ಲಿ ಮಾರ್ಚ್ 3ಕ್ಕೆ ಪಿಲ್ಲರ್ ಮುಗಿದಿದೆ, ಸೈಟ್ ಡೈರಿಯಲ್ಲಿ ಮಾರ್ಚ್ 20ಕ್ಕೆ ಇನ್ನೂ ಕಂಬಿ ಕಟ್ಟುತ್ತಿದ್ದಾರೆ, ಯಾವುದನ್ನು ನಂಬೋಣ? ಇಂಥ ಒಂದು ಸಣ್ಣ ಪ್ರಶ್ನೆ ಸಾಕು.

ಎಂಜಿನಿಯರ್‌ಗಳಿಗೆ ಇಲ್ಲಿ ಬೆಲೆ ಜಾಸ್ತಿ ಇರೋದು ಇದಕ್ಕೇ. ವಿವಿಯನ್ ರಾಮ್ಸಿ ಅವರನ್ನು ನೋಡಿ. ಓದಿದ್ದು ಎಂಜಿನಿಯರಿಂಗ್, ಕೆಲಸ ಮಾಡಿದ್ದು ಓವ್ ಅರಪ್ ಕಂಪನಿಯಲ್ಲಿ. ಆಮೇಲೆ ಬ್ಯಾರಿಸ್ಟರ್ ಆಗಿ ಕೀಟಿಂಗ್ ಚೇಂಬರ್ಸ್ ಮುಖ್ಯಸ್ಥರಾದರು, 2005ರಲ್ಲಿ ಹೈಕೋರ್ಟ್ ಜಡ್ಜ್ ಆಗಿ ಟಿಸಿಸಿ ಹೊಣೆ ಹೊತ್ತರು, ನಿವೃತ್ತಿಯ ನಂತರ ಸಿಂಗಾಪುರದ ಅಂತರರಾಷ್ಟ್ರೀಯ ವಾಣಿಜ್ಯ ಕೋರ್ಟಿನಲ್ಲಿ ಕೂತರು. ಸೈಟಿನಿಂದ ಪೀಠದವರೆಗೆ!

[ಪರದೆ: ಪನಾಮ ಕಾಲುವೆ, ಹೊಸ ಲಾಕ್‌ಗಳು]

ಇನ್ನು ಅಂತರರಾಷ್ಟ್ರೀಯ ಆರ್ಬಿಟ್ರೇಷನ್. ಪನಾಮ ಕಾಲುವೆಯ ವಿಸ್ತರಣೆಯಲ್ಲಿ ಹೊಸ ಲಾಕ್‌ಗಳನ್ನು, ಅಂದರೆ ಹಡಗು ಏರಿಸಿ ಇಳಿಸುವ ನೀರಿನ ಕಟ್ಟೆಗಳನ್ನು, ಕಟ್ಟುವ ಗುತ್ತಿಗೆಯನ್ನು 2009ರಲ್ಲಿ ಸ್ಪೇನ್, ಇಟಲಿ, ಬೆಲ್ಜಿಯಂ, ಪನಾಮದ ಕಂಪನಿಗಳ ಒಕ್ಕೂಟ ಸುಮಾರು 310 ಕೋಟಿ ಡಾಲರ್‌ಗೆ ಹಿಡಿಯಿತು. ಪೈಪೋಟಿಯಲ್ಲಿದ್ದ ಅಮೆರಿಕದ ಬೆಕ್ಟೆಲ್ ಕಂಪನಿ ಕೇಳಿದ್ದಕ್ಕಿಂತ 100 ಕೋಟಿ ಡಾಲರ್ ಕಡಿಮೆ! ಅಷ್ಟು ಕಡಿಮೆಗೆ ಹಿಡಿದರೆ ಮುಂದೆ ಕ್ಲೇಮು ಬರೋದು ಗ್ಯಾರಂಟಿ, ಇದು ನನ್ನ ಅಭಿಪ್ರಾಯ. ಸ್ಥಳದಲ್ಲೇ ಅಗೆದ ಬಸಾಲ್ಟ್ ಕಲ್ಲನ್ನು ಜಲ್ಲಿ ಮಾಡಿ ಕಾಂಕ್ರೀಟಿಗೆ ಬಳಸಬೇಕಿತ್ತು. ಕಲ್ಲು ಹೇಳಿದಷ್ಟು ಚೆನ್ನಾಗಿಲ್ಲ, ಕಾಂಕ್ರೀಟ್ ಮಿಶ್ರಣಕ್ಕೆ ಒಪ್ಪಿಗೆ ಕೊಡೋದನ್ನೂ ನೀವೇ ತಡ ಮಾಡಿದಿರಿ ಅಂತ ಗುತ್ತಿಗೆದಾರರು ಹಣ ಕೇಳಿದರು. ಒಪ್ಪಂದದಲ್ಲೇ ಇದ್ದ ವ್ಯಾಜ್ಯ ಮಂಡಳಿ ಮೊದಲು ಅವರ ಪರವಾಗಿ ಹೇಳಿತು, ಕಾಲುವೆ ಪ್ರಾಧಿಕಾರ ದುಡ್ಡು ಕೊಟ್ಟಿತು. 2020ರಲ್ಲಿ ಆರ್ಬಿಟ್ರೇಷನ್ ಟ್ರಿಬ್ಯೂನಲ್ ಅದರಲ್ಲಿ ಬಹುಪಾಲನ್ನು, ಸುಮಾರು 24 ಕೋಟಿ ಡಾಲರ್, ವಾಪಸ್ ಕೊಡಿ ಅಂದಿತು.

ಈ ಕೇಸಿನ ಭೂಗೋಳ ನೋಡಿ. ಕಾಲುವೆ ಪನಾಮದಲ್ಲಿ, ನಿಯಮ ಪ್ಯಾರಿಸ್‌ನ ಐಸಿಸಿ, ಅಂದರೆ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯದ್ದು, ಆರ್ಬಿಟ್ರೇಷನ್‌ನ ಸ್ಥಾನ ಮಿಯಾಮಿ, ತೀರ್ಪುಗಾರರು ಸ್ವಿಟ್ಜರ್ಲೆಂಡ್, ಮೆಕ್ಸಿಕೊ ಮತ್ತು ಲಂಡನ್ನಿನವರು. ಲಂಡನ್ನಿನವರು ಕೀಟಿಂಗ್ ಚೇಂಬರ್ಸ್‌ನ ರಾಬರ್ಟ್ ಗೇಟ್‌ಸ್ಕೆಲ್, ಅವರೂ ಎಂಜಿನಿಯರೇ. ಬ್ಯಾರಿಸ್ಟರ್ ಆದವರು ಹೀಗೆ ವಾದ ಮಾಡುವುದರಿಂದ ತೀರ್ಪು ಕೊಡುವ ಕಡೆಗೂ ಹೋಗುತ್ತಾರೆ. ಇಂಥ ತೀರ್ಪುಗಳಿಗೆ ಬೆಲೆ ಬಂದಿರೋದು 1958ರ ನ್ಯೂಯಾರ್ಕ್ ಒಪ್ಪಂದದಿಂದ. 170ಕ್ಕೂ ಹೆಚ್ಚು ದೇಶಗಳು ಅದಕ್ಕೆ ಸಹಿ ಹಾಕಿವೆ, ಸೋತವನ ಆಸ್ತಿ ಆ ಯಾವ ದೇಶದಲ್ಲಿದ್ದರೂ ಅಲ್ಲಿನ ಕೋರ್ಟಿಗೆ ಹೋಗಿ ವಸೂಲಿ ಕೇಳಬಹುದು.

ಒಂದು ಇರುಸುಮುರುಸಿನ ವಿಷಯವೂ ಇದೆ. ಒಂದೇ ಚೇಂಬರ್‌ನ ಒಬ್ಬರು ತೀರ್ಪುಗಾರರು, ಇನ್ನೊಬ್ಬರು ಅವರ ಮುಂದೆಯೇ ವಾದ ಮಾಡುವವರು. ಎಲ್ಲರದ್ದೂ ಸ್ವಂತ ವ್ಯವಹಾರ, ತಪ್ಪೇನಿದೆ ಅಂತಾರೆ ಇಂಗ್ಲಿಷರು. ಹೊರಗಿನವರಿಗೆ ಅದು ಹಾಗೆ ಕಾಣಲ್ಲ. 2008ರಲ್ಲಿ ಕ್ರೊಯೇಷಿಯಾದ ವಿದ್ಯುತ್ ಕಂಪನಿಗೂ ಸ್ಲೊವೇನಿಯಾಕ್ಕೂ ನಡೆದ ಕೇಸಿನಲ್ಲಿ, ಟ್ರಿಬ್ಯೂನಲ್ ಅಧ್ಯಕ್ಷರದ್ದೇ ಚೇಂಬರ್‌ನ ಬ್ಯಾರಿಸ್ಟರ್ ಕೊನೆ ಗಳಿಗೆಯಲ್ಲಿ ಬಂದಾಗ, ಟ್ರಿಬ್ಯೂನಲ್ ಅವರು ವಾದಿಸುವಂತಿಲ್ಲ ಅಂತ ಹೊರಗಿಟ್ಟಿತು. ಸರಿಯಾಗಿಯೇ ಮಾಡಿತು ಅನ್ನಿಸುತ್ತದೆ ನನಗೆ.

[ಪರದೆ: ದೆಹಲಿ ಏರ್‌ಪೋರ್ಟ್ ಮೆಟ್ರೊ]

ನಮ್ಮ ದೇಶದಲ್ಲಿ ಏನು ಕಥೆ? ದೆಹಲಿ ಏರ್‌ಪೋರ್ಟ್ ಮೆಟ್ರೊ ಸಾಕು. ಲೈನಿನ ಸಿವಿಲ್ ಕೆಲಸದಲ್ಲಿ ದೋಷ ಇದೆ ಅಂತ ರಿಲಯನ್ಸ್ ಇನ್‌ಫ್ರಾದ ಕಂಪನಿ 2012ರಲ್ಲಿ ದೆಹಲಿ ಮೆಟ್ರೊ ನಿಗಮದ ಜೊತೆಗಿನ ಒಪ್ಪಂದ ಮುರಿದುಕೊಂಡಿತು. 2017ರಲ್ಲಿ ಅದರ ಪರ 2,782 ಕೋಟಿ ರೂಪಾಯಿಯ ಆರ್ಬಿಟ್ರೇಷನ್ ತೀರ್ಪು. 2019ರಲ್ಲಿ ದೆಹಲಿ ಹೈಕೋರ್ಟ್ ಪೀಠ ಅದನ್ನು ರದ್ದು ಮಾಡಿತು, 2021ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಜೀವ ಕೊಟ್ಟಿತು, 2024ರ ಏಪ್ರಿಲ್‌ನಲ್ಲಿ ಕ್ಯುರೇಟಿವ್ ಅರ್ಜಿಯಲ್ಲಿ (ಅಂತಿಮ ತೀರ್ಪಿನ ಮೇಲೂ ಉಳಿದಿರುವ ಕಟ್ಟಕಡೆಯ ಅರ್ಜಿ) ಅದೇ ಸುಪ್ರೀಂ ಕೋರ್ಟ್ ಪುನಃ ಅಳಿಸಿತು. ನಮ್ಮ ದೊಡ್ಡ ಕಂಪನಿಗಳು ಸಿಂಗಾಪುರ, ಲಂಡನ್ ಅಂತ ಒಪ್ಪಂದದಲ್ಲಿ ಬರೆಸೋದು ಯಾಕೆ ಅಂತ ಈಗ ಅರ್ಥವಾಯಿತಲ್ವಾ? ಸರ್ಕಾರಕ್ಕೂ ಬೇಸರ ಬಂದಿದೆ. 2024ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ಸರ್ಕಾರಿ ಗುತ್ತಿಗೆಗಳಲ್ಲಿ 10 ಕೋಟಿಗಿಂತ ದೊಡ್ಡ ಜಗಳಗಳಿಗೆ ಆರ್ಬಿಟ್ರೇಷನ್ ಷರತ್ತನ್ನು ಸುಮ್ನೆ ರೂಢಿಯಂತೆ ಹಾಕಬೇಡಿ ಅಂತ ಮಾರ್ಗಸೂಚಿ ಕೊಟ್ಟಿತು.

ಹಾಗಾದರೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಾನೂನು ಓದುತ್ತಿರುವವರಿಗೆ ದಾರಿ ಇದೆಯಾ? ಇದೆ. ಅಂತರರಾಷ್ಟ್ರೀಯ ಆರ್ಬಿಟ್ರೇಷನ್‌ನಲ್ಲಿ ವಾದ ಮಾಡಲು ಇಂಗ್ಲೆಂಡಿನ ಬ್ಯಾರಿಸ್ಟರೇ ಆಗಬೇಕೆಂದಿಲ್ಲ. ಭಾರತದ ವಕೀಲರು ಲಂಡನ್ನಿನಲ್ಲಿ, ಸಿಂಗಾಪುರದಲ್ಲಿ ಕೂತು ವಾದಿಸುತ್ತಾರೆ. ವಿದೇಶಿ ವಕೀಲರು ಇಲ್ಲಿಗೆ ಬಂದು ಅಂತರರಾಷ್ಟ್ರೀಯ ಕೇಸು ನಡೆಸಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಬಾಲಾಜಿ ಕೇಸಿನಲ್ಲಿ ಹೇಳಿದೆ. ಬೆಂಗಳೂರಿನಲ್ಲೇ ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ ಆರ್ಬಿಟ್ರೇಷನ್ ಸೆಂಟರ್ ಇದೆ, ಅಲ್ಲಿ ಹಿರಿಯರ ಕೈಕೆಳಗೆ ಒಂದೆರಡು ಕೇಸಿನ ಫೈಲು ಓದಿದರೆ ಈ ಕೆಲಸ ನಿಮಗೆ ಒಗ್ಗುತ್ತದಾ ಇಲ್ಲವಾ ಗೊತ್ತಾಗುತ್ತದೆ.

ಸಿವಿಲ್ ಎಂಜಿನಿಯರ್‌ಗಳಿಗೆ ಇನ್ನೊಂದು ಮಾತು. ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ರೆಡ್ ಬುಕ್ ಎಂಬ ಗುತ್ತಿಗೆ ಮಾದರಿಯಲ್ಲಿ ನಿಮ್ಮ ಒಪ್ಪಂದ ಇದ್ದರೆ 20.1ನೇ ಷರತ್ತು ಇವತ್ತೇ ತೆಗೆದು ಓದಿ. ತೊಂದರೆ ಗೊತ್ತಾದ 28 ದಿನದೊಳಗೆ ನೋಟಿಸ್ ಕೊಡದಿದ್ದರೆ ಸಮಯವೂ ಇಲ್ಲ, ದುಡ್ಡೂ ಇಲ್ಲ ಅನ್ನುತ್ತದೆ ಅದು. ಬಾಯಲ್ಲಿ ಹೇಳಿದ್ದೆ ಸಾರ್, ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ದೆ ಸಾರ್ ಅಂದರೆ ಸಾಮಾನ್ಯವಾಗಿ ನಡೆಯಲ್ಲ.

ಟಿಸಿಸಿ ತೀರ್ಪುಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೇಕಾಬ್‌ನಿಂದ ಶುರು ಮಾಡಿ, ಚಿಕ್ಕದು. ಬಾರ್ ಕೋರ್ಸ್ ಫೀಸು, ಇನ್‌ಗಳ ಸ್ಕಾಲರ್‌ಶಿಪ್, ಭಾರತದ ವಕೀಲರಿಗಿರುವ ಬಾರ್ ಟ್ರಾನ್ಸ್‌ಫರ್ ಟೆಸ್ಟ್ ಬಗ್ಗೆ ಬೇರೆ ವಿಡಿಯೋ ಬೇಕಾದರೆ ಕಾಮೆಂಟ್‌ನಲ್ಲಿ ಹೇಳಿ, ಮಾಡೋಣ.